ತಾಮ್ರ ತಿನ್ನಿಸಲು ಫೆರಿಕ್ ಕ್ಲೋರೈಡೋ, ಮೈಲುತುತ್ತವೋ?

ತಿನ್ನಿಸುವುದು ಎಂದರೆ ತಗಡಿನ ಕೆಲವು ಜಾಗ ಮುಚ್ಚಿ, ಉಳಿದ ಕಡೆಯ ತಾಮ್ರವನ್ನು ದ್ರಾವಣದಲ್ಲಿ ಕರಗಿಸಿ ಚಿತ್ರ ಮೂಡಿಸುವುದು. ಒಂದೇ ಹಾಳೆಯಿಂದ ಕತ್ತರಿಸಿದ 22 ಗೇಜಿನ ತಾಮ್ರದ ತಗಡು, ಒಂದೇ ಕೃಷ್ಣಮೃಗದ ಚಿತ್ರ, ಒಂದೇ ನವಿಲುಗರಿ. ಒಂದು ಜೊತೆಯನ್ನು ಫೆರಿಕ್ ಕ್ಲೋರೈಡಿಗೆ ಇಳಿಸಿ, ಇನ್ನೊಂದನ್ನು ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಿನಲ್ಲಿ ಕರೆಂಟು ಕೊಟ್ಟು ತಿನ್ನಿಸಿದರೆ, ಹೊರಬರುವ ಪದಕಗಳು ಅಣ್ಣತಮ್ಮಂದಿರಂತೆ ಕಾಣುತ್ತವೆ, ಅವಳಿಗಳಂತಲ್ಲ. ಗರಿಯ ಎಳೆಗಳು ಮೊದಲನೆಯದರಲ್ಲಿ ಚೂಪಾಗಿ ನಿಲ್ಲುತ್ತವೆ. ಜಿಂಕೆಯ ಮೈ ಎರಡನೆಯದರಲ್ಲಿ ಚೆನ್ನಾಗಿ ಮೇಲೇಳುತ್ತದೆ. ಬೀದರ್ ಅಥವಾ ಕಲಬುರಗಿಯಲ್ಲಿ ಮನೆಯಲ್ಲೇ ಕೂತು ಓಲೆ, ಪದಕ, ಕಡಗ ಮಾಡುವವರು ಒಂದನ್ನೇ ಆರಿಸಬೇಕಾದರೆ ನಮ್ಮ ಮತ ಮೈಲುತುತ್ತಕ್ಕೆ. ಆದರೆ ಗರಿ, ಚಿಟ್ಟೆಯ ರೆಕ್ಕೆ, ಹುಣಸೆ ಎಲೆಯಂಥ ನವಿರು ಕೆಲಸವೇ ಹೆಚ್ಚಿದ್ದರೆ ಫೆರಿಕ್ ಕ್ಲೋರೈಡ್ ಬಿಟ್ಟು ಆಗುವುದಿಲ್ಲ.

ಮೊದಲು ತಗಡಿನ ಮಾತು. ನಮ್ಮ ಕಡೆ ಗೇಜ್ ಎಂದರೆ ಎಸ್‌ಡಬ್ಲ್ಯೂಜಿ (ಸ್ಟ್ಯಾಂಡರ್ಡ್ ವೈರ್ ಗೇಜ್ ಎಂಬ ದಪ್ಪದ ಅಳತೆ) ಲೆಕ್ಕ: 24 ಗೇಜ್ ಸುಮಾರು 0.56 ಮಿ.ಮೀ., 22 ಗೇಜ್ 0.71, 20 ಗೇಜ್ 0.91. ಓಲೆಗೆ 24 ಸಾಕು, ಪದಕಕ್ಕೆ 22, ಕಡಗಕ್ಕೆ 20 ಇಲ್ಲವೇ ಅದಕ್ಕಿಂತ ದಪ್ಪ. ತಿನ್ನಿಸುವ ಆಳ 0.2 ಮಿ.ಮೀ. ಇದ್ದರೆ ಬೆರಳಿಗೆ ತಿಳಿಯುತ್ತದೆ, ಕೊನೆಗೆ ತಗ್ಗಿಗೆ ಹಿಡಿಸುವ ಕಪ್ಪು ಬಣ್ಣವೂ ನಿಲ್ಲುತ್ತದೆ. 24 ಗೇಜಿನ ಓಲೆಯಲ್ಲಿ ಅದಕ್ಕಿಂತ ಆಳಕ್ಕೆ ಹೋದರೆ ತಗಡು ಬಾಗುತ್ತದೆ.

ತಗಡನ್ನು 400 ನಂಬರಿನ ಮರಳುಕಾಗದದಿಂದ ಒಂದೇ ದಿಕ್ಕಿಗೆ ಉಜ್ಜಿ, ಹುಣಸೆಹಣ್ಣು ಮತ್ತು ಉಪ್ಪು ಹಾಕಿ ತಿಕ್ಕಿ, ಕೊನೆಗೆ ಪಾತ್ರೆ ಸೋಪಿನಿಂದ ತೊಳೆಯಬೇಕು. ನಲ್ಲಿ ನೀರು ಮೇಲೆ ಬಿಟ್ಟಾಗ ಹಾಳೆಯಂತೆ ಒಂದೇ ಸಮ ಹರಡಬೇಕು. ಹನಿಹನಿಯಾಗಿ ಒಡೆದರೆ ಅಲ್ಲಿ ಎಣ್ಣೆ ಜಿಡ್ಡು ಉಳಿದಿದೆ ಎಂದರ್ಥ. ಆ ಜಾಗದಲ್ಲಿ ಚಿತ್ರ ಕಿತ್ತುಹೋಗುತ್ತದೆ, ಅನುಮಾನವಿಲ್ಲ. ಹೆಬ್ಬೆರಳಿನ ಒಂದು ಗುರುತು ಸಾಕು, ಜಿಂಕೆಯ ಕೊಂಬು ಅರ್ಧಕ್ಕೆ ಮಾಯ.

ಆಮೇಲೆ ಮರೆ, ಅಂದರೆ ತಾಮ್ರ ಉಳಿಯಬೇಕಾದ ಕಡೆ ಹಚ್ಚುವ ತಡೆ. ಪರ್ಮನೆಂಟ್ ಮಾರ್ಕರ್ ಕೈಗೆ ಸುಲಭ, ಆದರೆ ಒಂದು ಸಲ ಬರೆದರೆ ಅರ್ಧ ಗಂಟೆಯಲ್ಲಿ ಸೂಜಿಮೊನೆಯಷ್ಟು ಗುಳಿಗಳು ಬೀಳುತ್ತವೆ. ಒಣಗಿಸಿ ಒಣಗಿಸಿ ಎರಡು ಮೂರು ಸಲ ಬರೆಯಬೇಕು. ನೇಲ್ ಪಾಲಿಶ್ ಗಟ್ಟಿ. ದೊಡ್ಡ ಜಾಗಕ್ಕೆ, ಅಂಚಿಗೆ, ಹಿಂಬದಿಗೆ ಅದೇ ಸರಿ. ಅದು ಒಣಗಿದ ಮೇಲೆ ಸೂಜಿಯಿಂದ ಗೀರಿದರೆ ಎಲೆಯ ನರಗಳು ಚೆನ್ನಾಗಿ ಬರುತ್ತವೆ. ನವಿರು ಚಿತ್ರಕ್ಕೆ ಮಾತ್ರ ಟೋನರ್. ಯಾವ ಝೆರಾಕ್ಸ್ ಅಂಗಡಿಯಲ್ಲಾದರೂ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ನುಣುಪು ಮ್ಯಾಗಜಿನ್ ಕಾಗದದ ಮೇಲೆ ಗಾಢವಾಗಿ ತೆಗೆಸಬಹುದು. ಇಂಕ್‌ಜೆಟ್ ಮುದ್ರಣ ನಡೆಯುವುದಿಲ್ಲ. ಟೋನರ್ ಎಂದರೆ ಕರಗುವ ಪ್ಲಾಸ್ಟಿಕ್ ಪುಡಿ, ಶಾಯಿ ಹಾಗಲ್ಲ. ತಗಡಿನ ಮೇಲೆ ಕಾಗದ ಬೋರಲಾಗಿಟ್ಟು, ಇಸ್ತ್ರಿಯನ್ನು ಹತ್ತಿಬಟ್ಟೆಯ ಶಾಖಕ್ಕೆ ತಿರುಗಿಸಿ, ಆವಿ ಬಂದ್ ಮಾಡಿ, ಎರಡು ಮೂರು ನಿಮಿಷ ಅದುಮಬೇಕು. ಎಳೆಯಬಾರದು, ಎಳೆದರೆ ಗೆರೆ ಹರಡುತ್ತದೆ. ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಕಾಗದವನ್ನು ಬೆರಳಿನಿಂದ ಉರುಳಿಸಿ ತೆಗೆಯಬೇಕು. ಬಿಳಿ ನಾರು ಗೆರೆಗಳ ನಡುವೆ ಉಳಿದರೆ ಅದೂ ಮರೆಯಾಗಿಬಿಡುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಿಡಿಸಬೇಕು.

ಈಗ ಫೆರಿಕ್ ಕ್ಲೋರೈಡ್. ಸರ್ಕ್ಯೂಟ್ ಬೋರ್ಡ್ ಮಾಡುವವರು ಬಳಸುವ ಹಳದಿ ಗಟ್ಟಿಗಳು ಇವು. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಕೇಳಬೇಕು. ಒಂದು ಲೀಟರ್ ನೀರಿಗೆ 400ರಿಂದ 500 ಗ್ರಾಂ. ನೀರಿಗೆ ಗಟ್ಟಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಗಟ್ಟಿಯ ಮೇಲೆ ನೀರು ಸುರಿಯಬಾರದು, ಕರಗುವಾಗ ಬಿಸಿಯೇಳುತ್ತದೆ. ಪಾತ್ರೆ ಗಾಜು ಅಥವಾ ಪ್ಲಾಸ್ಟಿಕ್ ಮಾತ್ರ. ಸ್ಟೀಲಿನ ಪಾತ್ರೆಯನ್ನೂ ಸ್ಟೀಲಿನ ಸಿಂಕನ್ನೂ ಇದು ತಿನ್ನುತ್ತದೆ. ಬಟ್ಟೆಗೆ, ಫರ್ಶಿಗೆ ಬಿದ್ದರೆ ಕಂದು ಕಲೆ ಬಿಡುವುದು ಕಷ್ಟ.

ತಗಡನ್ನು ಮುಖ ಕೆಳಗೆ ಮಾಡಿ, ಬೆನ್ನಿಗೆ ಎರಡು ಬದಿ ಅಂಟಿನ ಟೇಪಿನಿಂದ ಥರ್ಮೋಕೋಲ್ ತುಂಡು ಅಂಟಿಸಿ ತೇಲಿಬಿಡಬೇಕು. ತಿಂದ ಕೆಸರು ಆಗ ಕೆಳಗೆ ಬೀಳುತ್ತದೆ. ಮುಖ ಮೇಲಿದ್ದರೆ ಕೆಸರು ಗೆರೆಗಳಲ್ಲೇ ಕೂತು ಆಳ ನಿಂತುಹೋಗುತ್ತದೆ. ಇಳಿಸುವಾಗ ಒಂದು ಅಂಚಿನಿಂದ ಓರೆಯಾಗಿ ಇಳಿಸದಿದ್ದರೆ ಅಡಿಯಲ್ಲಿ ಗಾಳಿಗುಳ್ಳೆ ಸಿಕ್ಕಿ, ಆ ಜಾಗ ದುಂಡಗೆ ತಿನ್ನದೆ ಉಳಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಡಬ್ಬಿಯನ್ನು ಮೆಲ್ಲಗೆ ಅಲುಗಿಸಬೇಕು.

ಇದರ ವೇಗ ಶಾಖದ ಕೈಯಲ್ಲಿದೆ. ಕಲಬುರಗಿಯ ಮೇ ತಿಂಗಳಿನಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಡಬ್ಬಿಯನ್ನು ಪಡಸಾಲೆಯಲ್ಲಿಟ್ಟರೆ ಸಾಕು, ಬೇರೆ ಶಾಖ ಬೇಡ, 0.2 ಮಿ.ಮೀ. ಆಳ ಒಂದು ಗಂಟೆಯ ಆಸುಪಾಸಿನಲ್ಲಿ ಸಿಗುತ್ತದೆ. ಬೀದರ್ ಎತ್ತರದ ಊರು, ಡಿಸೆಂಬರ್ ಬೆಳಗಿನ ಚಳಿಯಲ್ಲಿ ಅದೇ ಕೆಲಸಕ್ಕೆ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಆಗ ಡಬ್ಬಿಯನ್ನು ಬಿಸಿನೀರಿನ ಬುಟ್ಟಿಯಲ್ಲಿಡಬಹುದು, ಆದರೆ 50 ಡಿಗ್ರಿ ಮೀರಬಾರದು. ಮೀರಿದರೆ ಮೂಗಿಗೆ ಘಾಟು ಬರುತ್ತದೆ. ನಾಲ್ಕು ಪಾಲು ದ್ರಾವಣಕ್ಕೆ ಒಂದು ಪಾಲು ನಿಂಬೆ ಉಪ್ಪಿನ ನೀರು (ಒಂದು ಪಾಲು ನಿಂಬೆ ಉಪ್ಪು ಅಂದರೆ ಸಿಟ್ರಿಕ್ ಆಮ್ಲದ ಪುಡಿ, ಮೂರು ಪಾಲು ನೀರು) ಬೆರೆಸಿದರೆ ಕೆಸರು ಕಡಿಮೆಯಾಗಿ ಗೆರೆ ಇನ್ನೂ ಸ್ವಚ್ಛ ಬರುತ್ತದೆ. ಈ ಒಂದು ಬದಲಾವಣೆ ಅದರ ಖರ್ಚಿಗಿಂತ ಬಹಳ ಹೆಚ್ಚು ಕೊಡುತ್ತದೆ.

ಆದರೆ ದ್ರಾವಣ ಮುಗಿಯುತ್ತದೆ. ಲೆಕ್ಕ ನೋಡಿ: 500 ಗ್ರಾಂ ಗಟ್ಟಿ, ಕೊನೆಯ ಹನಿಯವರೆಗೆ ದುಡಿದರೂ ತಿನ್ನಬಲ್ಲದ್ದು 58 ಗ್ರಾಂ ತಾಮ್ರ. ಹತ್ತು ಚದರ ಸೆಂ.ಮೀ. ತೆರೆದ ಜಾಗವಿರುವ ಪದಕವನ್ನು 0.2 ಮಿ.ಮೀ. ತಿನ್ನಿಸಲು 1.8 ಗ್ರಾಂ ಹೋಗುತ್ತದೆ. ಕಾಗದದ ಮೇಲೆ ಮೂವತ್ತು ಪದಕ ಎನಿಸಿದರೂ, ಅರ್ಧ ದಾಟಿದ ಮೇಲೆ ದ್ರಾವಣ ಹಸಿರು ಬಣ್ಣಕ್ಕೆ ತಿರುಗಿ ಎಷ್ಟು ನಿಧಾನವಾಗುತ್ತದೆಂದರೆ ಮರೆಯೇ ಮೊದಲು ಸೋಲುತ್ತದೆ. ಹದಿನೈದು ಪದಕ ಎಂದಿಟ್ಟುಕೊಳ್ಳಿ.

ಉಳಿದ ವಿಷವನ್ನು ಎಲ್ಲಿ ಹಾಕುವುದು ಎಂಬುದೇ ಇದರ ನಿಜವಾದ ತೊಡಕು. ಬೀದರ್ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಆ ಕಲ್ಲು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬೀದರಿನ ನೌಬಾದಿನಲ್ಲಿ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗಗಳನ್ನು ತೋಡಿದವರು ನಂಬಿದ್ದು ಆ ಗುಣವನ್ನೇ. ತಾಮ್ರ ಕರಗಿದ ನೀರು ಮೀನಿಗೂ ಕಪ್ಪೆಗೂ ಕೆಟ್ಟ ವಿಷ. ಮೋರಿಗೆ ಚೆಲ್ಲಿದ್ದು ಕಣ್ಣಿಗೆ ಮರೆಯಾದರೂ ನೆಲಕ್ಕೆ ಮರೆಯಾಗುವುದಿಲ್ಲ. ಹಳೆಯ ದ್ರಾವಣಕ್ಕೆ ಸ್ಟೀಲ್ ವುಲ್ (ಉಕ್ಕಿನ ನವಿರು ನಾರು) ಹಾಕಿ ಒಂದೆರಡು ದಿನ ಬಿಟ್ಟರೆ ತಾಮ್ರ ಕೆಂಪು ಮಣ್ಣಿನಂತೆ ಕೆಳಗೆ ಇಳಿಯುತ್ತದೆ. ಆಮೇಲೆ ವಾಷಿಂಗ್ ಸೋಡಾವನ್ನು ನೊರೆ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪ ಹಾಕಬೇಕು (ದೊಡ್ಡ ಬಕೆಟ್ ಬೇಕು, ಬಹಳ ಉಕ್ಕುತ್ತದೆ). ಪಿಎಚ್ ಕಾಗದ 8 ತೋರಿಸಬೇಕು. ಕೆಸರನ್ನು ಸೋಸಿ, ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿ, ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡಬೇಕು.

ಮೈಲುತುತ್ತದ ದಾರಿಯಲ್ಲಿ ಈ ತಲೆನೋವು ಬಹುತೇಕ ಇಲ್ಲ. ಬೀದರ್‌ಗೆ ಈ ನೀಲಿ ಹರಳು ಹೊಸದೂ ಅಲ್ಲ: ಬಿದ್ರಿ ಕುಶಲಕರ್ಮಿಗಳು ನುಣುಪು ಮಾಡಿದ ಹೂಜಿಗೆ ಮೈಲುತುತ್ತದ ನೀರು ಸವರಿ, ತಾತ್ಕಾಲಿಕವಾಗಿ ಕಪ್ಪಾದ ಆ ಮೈ ಮೇಲೆಯೇ ಬಳ್ಳಿ ಹೂ ಗೀರಿಕೊಳ್ಳುತ್ತಾರೆ. ಬೆಳೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಕೃಷಿ ಅಂಗಡಿಗಳಲ್ಲೂ ಸಿಗುತ್ತದೆ. ಒಂದು ಲೀಟರ್ ಬೆಚ್ಚನೆಯ ನೀರಿಗೆ 200 ಗ್ರಾಂ ಕರಗಿಸಿ, ದಪ್ಪ ಬಟ್ಟೆಯಲ್ಲಿ ಸೋಸಬೇಕು. ಬೋರ್‌ವೆಲ್‌ನ ಗಡಸು ನೀರು ಬಳಸಿದರೆ ಮಬ್ಬುಮಬ್ಬಾಗಿ ಗಸಿ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದರೆ ಒಳ್ಳೆಯದು.

ಪದಕವನ್ನು ಪ್ಲಸ್‌ಗೆ, ಅದಕ್ಕಿಂತ ದೊಡ್ಡದಾದ ಹಳೆಯ ತಾಮ್ರದ ತಗಡನ್ನು ಮೈನಸ್‌ಗೆ ಕೊಟ್ಟು, 5ರಿಂದ 8 ಸೆಂ.ಮೀ. ಅಂತರದಲ್ಲಿ ಎದುರುಬದುರು ನೇತುಹಾಕಬೇಕು. ತಂತಿ ಅದಲುಬದಲಾದರೆ ತಾಮ್ರ ನಿಮ್ಮ ಚಿತ್ರದ ಮೇಲೆಯೇ ಬೆಳೆಯುತ್ತದೆ. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಎಂದಿಗೂ ಬೇಡ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಕರೆಂಟು ಹೊಂದಿಸಬಲ್ಲ ಪವರ್ ಸಪ್ಲೈ ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಹಳೆಯ 5 ವೋಲ್ಟ್ ಮೊಬೈಲ್ ಚಾರ್ಜರಿನ ಕೇಬಲ್ ಕತ್ತರಿಸಿ, ಪ್ಲಸ್ ತಂತಿಯ ದಾರಿಯಲ್ಲಿ 4.7 ಓಮ್, 10 ವ್ಯಾಟಿನ ರೆಸಿಸ್ಟರ್ ಸೇರಿಸಿದರೆ ಹತ್ತಿರ ಹತ್ತಿರ 0.9 ಆಂಪಿಯರ್ ಹರಿಯುತ್ತದೆ. ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ, ಹೆಂಚಿನ ತುಂಡಿನ ಮೇಲಿಡಿ.

ಇಲ್ಲಿನ ಲೆಕ್ಕ ಬಲು ಚೊಕ್ಕ: ಒಂದು ಆಂಪಿಯರ್ ಒಂದು ಗಂಟೆ ಹರಿದರೆ 1.185 ಗ್ರಾಂ ತಾಮ್ರ ಕರಗುತ್ತದೆ. ಮೇಲಿನ 1.8 ಗ್ರಾಮಿನ ಪದಕಕ್ಕೆ ಒಂದು ಆಂಪಿಯರ್‌ನಲ್ಲಿ ಒಂದೂವರೆ ಗಂಟೆ, ಅರ್ಧ ಆಂಪಿಯರ್‌ನಲ್ಲಿ ಮೂರು ಗಂಟೆ. ಚಳಿ ಸೆಕೆ ಎಂಬ ಹಂಗಿಲ್ಲ. ಗಡಿಯಾರ ನೋಡಿ ಆಳ ಹೇಳಬಹುದು. ಹತ್ತು ಚದರ ಸೆಂ.ಮೀ. ತೆರೆದ ಜಾಗಕ್ಕೆ ಒಂದು ಆಂಪಿಯರ್ ಮೀರಿದರೆ ಮೈನಸ್ ತಗಡಿನ ಮೇಲೆ ತಾಮ್ರ ಪಾಚಿಯಂತೆ ಸಡಿಲವಾಗಿ ಬೆಳೆದು, ಉದುರಿ, ನಡುವೆ ಸೇತುವೆ ಕಟ್ಟಿ ಶಾರ್ಟ್ ಆಗುತ್ತದೆ. ಪದಕದಿಂದ ಹೋದಷ್ಟೇ ತಾಮ್ರ ಎದುರಿನ ತಗಡಿಗೆ ಕೂಡುವುದರಿಂದ ದ್ರಾವಣ ಸೊರಗುವುದಿಲ್ಲ. ಆವಿಯಾದಷ್ಟು ನೀರು ಹಾಕುತ್ತ ವರ್ಷಗಟ್ಟಲೆ ಅದೇ ಬಾಟಲಿ ಬಳಸಬಹುದು, ಚೆಲ್ಲುವ ಮಾತೇ ಬರುವುದಿಲ್ಲ. ಬಾಟಲಿಗೆ ಚೀಟಿ ಅಂಟಿಸಿ ಮಕ್ಕಳಿಗೆ ಎಟುಕದಂತೆ ಇಡಬೇಕು, ಆ ನೀಲಿ ಶರಬತ್ತಿನಂತೆ ಕಾಣುತ್ತದೆ.

ಕೊರತೆ ಇಲ್ಲವೆಂದಲ್ಲ. ಕರೆಂಟು ಅಂಚುಗಳಿಗೆ ಹೆಚ್ಚು ನುಗ್ಗುತ್ತದೆ, ಆದ್ದರಿಂದ ಪದಕದ ಹೊರ ಅಂಚು ನಡುವಿಗಿಂತ ಆಳವಾಗಿ ತಿನ್ನುತ್ತದೆ. ಸುತ್ತ 3 ಮಿ.ಮೀ. ಹೆಚ್ಚುವರಿ ತಗಡು ಬಿಟ್ಟು ಆಮೇಲೆ ಕತ್ತರಿಸುವುದು ಇದಕ್ಕೆ ಪರಿಹಾರ. ನೇತುಹಾಕಿದ ತಂತಿ ನೀರಿನ ಗೆರೆಯಲ್ಲಿ ಎಲ್ಲಕ್ಕಿಂತ ಬೇಗ ಸವೆದು ತುಂಡಾಗುತ್ತದೆ. ಅಲ್ಲಿ ನೇಲ್ ಪಾಲಿಶ್ ದಪ್ಪಗೆ ಹಚ್ಚಲೇಬೇಕು. ತಿಂದ ನೆಲ ಸಣ್ಣ ರವೆಯಂತೆ ಒರಟಾಗಿರುತ್ತದೆ. ಜಿಂಕೆಯ ಮೈ ಸುತ್ತಲಿನ ಹಿನ್ನೆಲೆಗೆ ಈ ಒರಟೇ ಚೆಂದ, ಕಪ್ಪನ್ನು ಬಿಗಿಯಾಗಿ ಹಿಡಿಯುತ್ತದೆ. ಆದರೆ ನವಿಲುಗರಿಯ ಕೂದಲೆಳೆಗೆ ಅದು ಹೊಂದುವುದಿಲ್ಲ.

ಎರಡೂ ದಾರಿಯಲ್ಲಿ ಒಂದು ನಿಯಮ ಸಮಾನ: ಆಳಕ್ಕೆ ಇಳಿದಂತೆ ಮರೆಯ ಅಡಿಗೂ ತಿನ್ನುತ್ತದೆ. 0.2 ಮಿ.ಮೀ. ಆಳಕ್ಕೆ ಹೋದಾಗ ಗೆರೆಯ ಎರಡೂ ಬದಿ 0.1 ಮಿ.ಮೀ.ಗಿಂತ ಕಡಿಮೆಯಿಲ್ಲದೆ ಹೋಗುತ್ತದೆ. ಉಬ್ಬಿ ನಿಲ್ಲಬೇಕಾದ ಗೆರೆಯನ್ನು ಫೆರಿಕ್ ಕ್ಲೋರೈಡಿಗೆ 0.5 ಮಿ.ಮೀ., ಮೈಲುತುತ್ತಕ್ಕೆ 0.8 ಮಿ.ಮೀ.ಗಿಂತ ತೆಳುವಾಗಿ ಬರೆಯಬೇಡಿ. ಕೃಷ್ಣಮೃಗದ ಕೊಂಬಿನ ಸುರುಳಿ ಉಂಗುರಗಳನ್ನು ಉಬ್ಬು ಗೆರೆಯಾಗಿ ಬಿಡದೆ ತಗ್ಗು ಗೆರೆಯಾಗಿ ತಿನ್ನಿಸಿದರೆ ಎರಡರಲ್ಲೂ ಉಳಿಯುತ್ತವೆ. ತೊಗರಿಕಾಯಿಯ ಉಬ್ಬುತಗ್ಗು, ಮುತ್ತುಗದ ಹೂವಿನ ಗಿಣಿಕೊಕ್ಕಿನ ಎಸಳು, ಬೀದರ್ ಕೋಟೆಯ ಶರ್ಜಾ ದರ್ವಾಜಾದ ಮೇಲಿನ ಹುಲಿ, ಇವೆಲ್ಲ ಅಗಲವಾದ ಆಕಾರಗಳು, ಮೈಲುತುತ್ತಕ್ಕೆ ಹೇಳಿ ಮಾಡಿಸಿದಂತಿವೆ.

ಇನ್ನೆರಡು ದಾರಿಗಳನ್ನೂ ಪಕ್ಕಕ್ಕಿಟ್ಟು ನೋಡಿದ್ದಾಯಿತು. ಉಪ್ಪುನೀರಿಗೆ ಕರೆಂಟು ಕೊಡುವುದು ಅಗ್ಗ, ಆದರೆ ಕಿತ್ತಳೆ ಹಸಿರು ಲೋಳೆ ತಗಡಿಗೇ ಅಂಟಿ ಮಚ್ಚೆ ಮಚ್ಚೆಯಾಗಿ ತಿನ್ನುತ್ತದೆ, ಆ ಲೋಳೆಯೂ ತಾಮ್ರದ ವಿಷವೇ. ಬಾತ್‌ರೂಮ್ ಆಸಿಡ್ಡಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವುದು ನಿಮಿಷಗಳಲ್ಲಿ ತಿನ್ನುತ್ತದೆ, ಜೊತೆಗೆ ಕೋಣೆಯಲ್ಲಿರುವ ಗರಗಸ, ಅರ, ಇಕ್ಕಳಕ್ಕೆಲ್ಲ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ. ಆ ಹೊಗೆ ಎದೆಗೂ ಹಾಗೇ ಇಳಿಯುತ್ತದೆ. ಮನೆಯಲ್ಲಿ ಬೇಡವೇ ಬೇಡ.

ತಿನ್ನಿಸಿದ ಮೇಲೆ ಅಡಿಗೆ ಸೋಡಾದ ನೀರಿನಲ್ಲಿ ಐದು ನಿಮಿಷ ಅದ್ದಿ, ಬ್ರಷ್‌ನಿಂದ ತೊಳೆದು, ಮರೆಯನ್ನು ಅಸಿಟೋನಿನಿಂದ ಒರೆಸಬೇಕು. ಕಪ್ಪು ಹಿಡಿಸಲು ಬಿದ್ರಿಗೆ ಬಳಸುವ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಸಾಕಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ಬಿದ್ರಿಯ ಲೋಹ ಬಹುಪಾಲು ಸತು, ತಾಮ್ರ ಅದರಲ್ಲಿ ಕೊಂಚ ಮಾತ್ರ. ಆ ಮಣ್ಣು ಕಪ್ಪಾಗಿಸುವುದು ಆ ಮಿಶ್ರಲೋಹವನ್ನು. ಬರೀ ತಾಮ್ರಕ್ಕೆ ನವಸಾಗರ ತಾಗಿದರೆ ಹಸಿರು ಹಿಡಿಯುತ್ತದೆ. 2006ರಿಂದ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇರುವ ಬಿದ್ರಿಯ ಹೆಸರನ್ನು ತಿನ್ನಿಸಿದ ತಾಮ್ರಕ್ಕೆ ಇಟ್ಟು ಮಾರುವುದೂ ತಪ್ಪು.

ತಾಮ್ರಕ್ಕೆ ಬೇಕಾದದ್ದು ಗಂಧಕ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ, ಪದಕದ ಜೊತೆ ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಕಂದು ನೀಲಿ ಬಣ್ಣ ಬರುತ್ತದೆ, ಸಮವಾಗಿ ಬರುವುದಿಲ್ಲ. ಇನ್ನೊಂದು ದಾರಿ ಲಿವರ್ ಆಫ್ ಸಲ್ಫರ್ (ಪೊಟ್ಯಾಶಿಯಂ ಮತ್ತು ಗಂಧಕ ಸೇರಿದ ಗಟ್ಟಿ): ಬಟಾಣಿಯಷ್ಟು, ಒಂದು ಲೋಟ ಬೆಚ್ಚನೆಯ ನೀರಿಗೆ. ಹತ್ತು ಇಪ್ಪತ್ತು ಸೆಕೆಂಡ್ ಅದ್ದಿದರೆ ಗಾಢ ಕಪ್ಪು. ಕುದಿಯುವ ನೀರಿಗೆ ಹಾಕಿದರೆ ಕಪ್ಪು ಪದರ ಸಿಪ್ಪೆಯಂತೆ ಏಳುತ್ತದೆ, ಆಮ್ಲ ಉಳಿದಿದ್ದರೂ ಹಾಗೇ. ಒಣಗಿದ ಮೇಲೆ 800 ನಂಬರಿನ ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಉಜ್ಜಿದರೆ ಉಬ್ಬು ಭಾಗ ಮಾತ್ರ ಹೊಳೆಯುತ್ತದೆ. ಬೆರಳಿನಿಂದ ಉಜ್ಜಿದರೆ ತಗ್ಗಿನ ಕಪ್ಪೂ ಹೋಗುತ್ತದೆ.

ಮೇಲುಹೊದಿಕೆಗೆ ಜೇನುಮೇಣ ಬೆಚ್ಚಗೆ ಸವರಿ ಒರೆಸುವುದು ಪದಕಕ್ಕೆ ಸಾಕು, ಮಾಸಿದಾಗ ಮತ್ತೆ ಸವರಬಹುದು. ಕಡಗದ ಒಳಬದಿಗೆ ಲ್ಯಾಕರ್ ಬೇಕು, ನಮ್ಮ ಬೇಸಿಗೆಯ ಬೆವರಿಗೆ ಮೇಣ ಒಂದು ವಾರವೂ ನಿಲ್ಲದೆ ಮಣಿಕಟ್ಟು ಹಸಿರಾಗುತ್ತದೆ. ಕಿವಿಯೊಳಗೆ ಹೋಗುವ ಕೊಕ್ಕೆ ಮಾತ್ರ ತಾಮ್ರದ್ದು ಬೇಡ. ಅಲ್ಲಿ ಯಾವ ಲೇಪವೂ ಉಳಿಯುವುದಿಲ್ಲ, 20 ಗೇಜಿನ ಬೆಳ್ಳಿ ತಂತಿ ಹಾಕಿ.