ಮೂರು ಸಾವಿರಕ್ಕೆ ಯಾವ ಡೆಕ್? ಪೋಕೆಮಾನ್, ಯು-ಗಿ-ಓ, ಪಾಪರ್ ಮೂರನ್ನೂ ಆಡಿ ನೋಡಿದ್ದು

ಚಿಕ್ಕಮಗಳೂರಿನಲ್ಲಿ ಕೂತು ಕಾರ್ಡ್ ಗೇಮ್ ಆಡುವವರ ಬಜೆಟ್ ಲೆಕ್ಕವೇ ಬೇರೆ. ಬಿಡಿ ಕಾರ್ಡ್ ಬೇಕೆಂದರೆ ಆನ್‌ಲೈನಲ್ಲಿ ತರಿಸಬೇಕು, ಇಲ್ಲವೇ ಬೆಂಗಳೂರಿಗೆ ಹೋಗುವವರಿಗೆ ಹೇಳಿ ಕಳಿಸಬೇಕು. ಕಾರ್ಡಿಗಿಂತ ಕೊರಿಯರ್ ಚಾರ್ಜೇ ಜಾಸ್ತಿ ಆಗುವುದುಂಟು. ಇನ್ನು ಅಂಗಡಿಗಳಲ್ಲಿ ನೇತುಹಾಕಿರುವ ಚಿನ್ನದ ಬಣ್ಣದ ಪೋಕೆಮಾನ್ ಕಾರ್ಡುಗಳಿವೆಯಲ್ಲ, ಅವು ನಕಲಿ. ಮಕ್ಕಳು ಆಡಿಕೊಳ್ಳಲಿ, ಟೂರ್ನಮೆಂಟಿನಲ್ಲಿ ನಡೆಯುವುದಿಲ್ಲ.

ಹಾಗಾಗಿ ಒಂದೊಂದು ಗೇಮಿಗೆ ಮೂರು ಸಾವಿರ ರೂಪಾಯಿ ಮಿತಿ ಹಾಕಿಕೊಂಡು ಮೂರು ಡೆಕ್, ಅಂದರೆ ಆಡಲು ಬೇಕಾದ ಕಾರ್ಡಿನ ಕಟ್ಟು, ಮಾಡಿದೆ: ಪೋಕೆಮಾನ್, ಯು-ಗಿ-ಓ, ಮತ್ತೆ ಮ್ಯಾಜಿಕ್ ಎಂಬ ಕಾರ್ಡ್ ಗೇಮಿನ ಅಗ್ಗದ ಬಗೆಯಾದ ಪಾಪರ್. ಎದುರಿಗೆ ಕೂತವರು ನನ್ನ ತಮ್ಮ ಮತ್ತು ಬಿಡುವಾದಾಗ ಹಾಸನದಿಂದ ಬರುವ ಒಬ್ಬ ಗೆಳೆಯ. ಒಳಗೆ ಯಾವ ಕಾರ್ಡಿದೆ ಎಂದು ಗೊತ್ತಾಗದ ಬೂಸ್ಟರ್ ಪ್ಯಾಕ್ ಒಂದನ್ನೂ ಕೊಳ್ಳಲಿಲ್ಲ. ಬೇಕಾದ ಕಾರ್ಡಿಗಾಗಿ ಪ್ಯಾಕ್ ಒಡೆಯುವುದು ಲಾಟರಿ ಇದ್ದ ಹಾಗೆ.

ಮೊದಲು ಪೋಕೆಮಾನ್. ಚಾರಿಜಾರ್ಡ್ ಇಎಕ್ಸ್ ಲೀಗ್ ಬ್ಯಾಟಲ್ ಡೆಕ್ ತರಿಸಿದೆ. ಆ ಒಂದು ಪೆಟ್ಟಿಗೆಗೇ ದುಡ್ಡು ಹೆಚ್ಚುಕಮ್ಮಿ ಖಾಲಿ. ಆದರೆ 60 ಕಾರ್ಡೂ ಜೋಡಿಸಿಯೇ ಬರುತ್ತವೆ, ತೆಗೆದು ಆಡುವುದಷ್ಟೇ ಕೆಲಸ. ರೇರ್ ಕ್ಯಾಂಡಿ ಎಂಬ ಕಾರ್ಡು ಹಾಕಿ ಮರಿ ಚಾರ್ಮ್ಯಾಂಡರ್ ಅನ್ನು ನಡುವಿನ ಹಂತ ಬಿಟ್ಟು ನೇರವಾಗಿ ಚಾರಿಜಾರ್ಡ್ ಮಾಡಿದರೆ, ಏಟು ಹಾಕಲು ಬೇಕಾದ ಫೈರ್ ಎನರ್ಜಿ ಕಾರ್ಡು ಮೂರನ್ನು ಡೆಕ್ಕಿನಿಂದಲೇ ಹುಡುಕಿ ಅಂಟಿಸಬಹುದು. ಅದರ ಏಟು 180. ನಮ್ಮ ಪೋಕೆಮಾನ್ ಸೋಲಿಸಿ ಎದುರಾಳಿ ತೆಗೆದುಕೊಂಡ ಒಂದೊಂದು ಪ್ರೈಜ್ ಕಾರ್ಡಿಗೂ 30 ಸೇರುತ್ತದೆ. ಆರರಲ್ಲಿ ಐದು ಪ್ರೈಜ್ ಅವನ ಕೈ ಸೇರಿ ನಾವು ಸೋಲುವ ಅಂಚಿನಲ್ಲಿದ್ದಾಗ ಏಟು 330 ಆಗುತ್ತದೆ. ಇನ್ನೊಂದು ಚಾರಿಜಾರ್ಡ್ ಇಎಕ್ಸ್‌ನ ಎಚ್‌ಪಿ, ಅಂದರೆ ಜೀವಬಲ, ಸರಿಯಾಗಿ ಅಷ್ಟೇ! ಗೆದ್ದೆ ಅಂದುಕೊಂಡಿದ್ದ ತಮ್ಮ ಇದಕ್ಕೆ ಎಷ್ಟು ಸಲ ಮುಖ ಊದಿಸಿಕೊಂಡಿದ್ದಾನೋ.

ತೊಂದರೆ ಇರುವುದು ರೊಟೇಶನ್‌ನಲ್ಲಿ. ಕಾರ್ಡಿನ ಕೆಳಗೆ ಎಡಮೂಲೆಯಲ್ಲಿ ಒಂದು ಸಣ್ಣ ಅಕ್ಷರ ಇರುತ್ತದೆ. ಹಳೆಯ ಅಕ್ಷರದ ಕಾರ್ಡುಗಳನ್ನು ಸ್ಟ್ಯಾಂಡರ್ಡ್ ಎಂಬ ಟೂರ್ನಮೆಂಟ್ ಬಗೆಯಿಂದ ಸರದಿಯಂತೆ ಹೊರಗೆ ಹಾಕುತ್ತಾರೆ. 2025ರ ಏಪ್ರಿಲ್‌ನಲ್ಲಿ ಎಫ್ ಹೋಯಿತು. ಚಾರಿಜಾರ್ಡ್ ಇಎಕ್ಸ್ ಮೇಲಿರುವುದು ಅದರ ಮುಂದಿನ ಜಿ. ಹಾಗಂತ ಹಾಕಿದ ದುಡ್ಡು ಪೂರ್ತಿ ನೀರಿಗೆ ಹೋಗುವುದಿಲ್ಲ. ರೇರ್ ಕ್ಯಾಂಡಿ, ಅಲ್ಟ್ರಾ ಬಾಲ್‌ನಂಥ ಟ್ರೇನರ್ (ಆಟಕ್ಕೆ ನೆರವಾಗುವ) ಕಾರ್ಡುಗಳು ಹೊಸ ಅಕ್ಷರದಲ್ಲಿ ಮತ್ತೆ ಅಚ್ಚಾದರೆ ನಿಮ್ಮ ಹಳೆಯ ಪ್ರತಿಯೂ ನಡೆಯುತ್ತದೆ. ಪೆಟ್ಟಿಗೆ ಕೊಳ್ಳುವಾಗ ಮುಖಪುಟದ ಚಾರಿಜಾರ್ಡ್‌ಗಿಂತ ಒಳಗಿರುವ ಟ್ರೇನರ್‌ಗಳನ್ನು ನೋಡಿ.

ಯು-ಗಿ-ಓದಲ್ಲಿ ಎಲ್ಲರೂ ಹೇಳುವ ಉಪಾಯ ಒಂದೇ: ಜೋಡಿಸಿಯೇ ಬರುವ ಒಂದೇ ಸ್ಟ್ರಕ್ಚರ್ ಡೆಕ್‌ನ ಮೂರು ಪೆಟ್ಟಿಗೆ ಕೊಳ್ಳಿ. ಒಂದು ಕಾರ್ಡಿನ ಮೂರು ಪ್ರತಿ ಹಾಕಬಹುದಾದ್ದರಿಂದ ಲೆಕ್ಕ ಸರಿಹೋಗುತ್ತದೆ. 2023ರ ಕೊನೆಯಲ್ಲಿ ಬಂದ ಫೈರ್ ಕಿಂಗ್ಸ್ ಆರಿಸಿದೆ. ನಮ್ಮ ಕಾರ್ಡನ್ನು ನಾವೇ ನಾಶ ಮಾಡಿ ಲಾಭ ಮಾಡಿಕೊಳ್ಳುವ ಡೆಕ್ ಇದು. ಮಜವಾಗಿದೆ, ಸುಳ್ಳು ಹೇಳಲ್ಲ. ಆದರೆ ಪಕ್ಕದಲ್ಲಿ ಬೇರೆಯಾಗಿ ಇಟ್ಟುಕೊಳ್ಳುವ 15 ಕಾರ್ಡಿನ ಎಕ್ಸ್‌ಟ್ರಾ ಡೆಕ್‌ಗೆ, ಎದುರಾಳಿಯ ಸರದಿಯಲ್ಲೇ ಕೈಯಿಂದ ಹಾಕಿ ತಡೆಯುವ ಹ್ಯಾಂಡ್ ಟ್ರ್ಯಾಪ್‌ಗಳಿಗೆ ಮತ್ತೆ ಬೇರೆ ಖರ್ಚು. ಟೂರ್ನಮೆಂಟುಗಳಲ್ಲಿ ಮೇಲೆ ಬಂದದ್ದು ಸ್ನೇಕ್-ಐ ಎಂಬ ಇನ್ನೊಂದು ಗುಂಪಿನ ಕಾರ್ಡು ಬೆರೆಸಿದ ಫೈರ್ ಕಿಂಗ್, ಆ ಬೆರಕೆ ನನ್ನ ಮಿತಿಯಾಚೆ. ರೊಟೇಶನ್ ಇಲ್ಲ ಅನ್ನುವುದೂ ಅರ್ಧ ಸಮಾಧಾನವೇ. ಹೊಸ ಕಾರ್ಡುಗಳ ಜೋರಿಗೆ ಹಳೆಯ ಡೆಕ್ ತಾನಾಗಿಯೇ ಹಿಂದೆ ಬೀಳುತ್ತದೆ, ಜೊತೆಗೆ ನಿಷೇಧಿಸಿದ ಕಾರ್ಡುಗಳ ಬ್ಯಾನ್ ಲಿಸ್ಟ್ ಬೇರೆ. ಎದುರಾಳಿಯ ಮೊದಲ ಟರ್ನ್ ಮುಗಿಯುವುದರೊಳಗೆ ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದಿದ್ದೇನೆ.

ಮ್ಯಾಜಿಕ್‌ನ ಪಾಪರ್‌ಗೇ ನನ್ನ ಓಟು. ಕಾಮನ್, ಅಂದರೆ ಸುಲಭವಾಗಿ ಸಿಗುವ ದರ್ಜೆಯಲ್ಲಿ ಅಚ್ಚಾಗಿರುವ ಕಾರ್ಡುಗಳಷ್ಟೇ ಇಲ್ಲಿ ನಡೆಯುತ್ತವೆ. 2019ರಿಂದ ಕಾಗದದ ಕಾರ್ಡಿನ ಆಟಕ್ಕೂ ಅಧಿಕೃತ ಮಾನ್ಯತೆ ಇದೆ, ರೊಟೇಶನ್ ಇಲ್ಲ. ನಾನು ಕಟ್ಟಿದ್ದು ಎದುರಾಳಿಗೆ ನೇರವಾಗಿ ಏಟು ಹಾಕುವ ಬರೀ ಕೆಂಪು ಬರ್ನ್ ಡೆಕ್: ಲೈಟ್ನಿಂಗ್ ಬೋಲ್ಟ್, ಲಾವಾ ಸ್ಪೈಕ್, ಮಿಕ್ಕಿದ್ದಕ್ಕೆ ಮಾನಾ (ಕಾರ್ಡು ಆಡಲು ಕೊಡುವ ಶಕ್ತಿ) ಒದಗಿಸುವ ಮೌಂಟನ್. ಒಂದೊಂದು ಬೋಲ್ಟ್‌ಗೆ 3 ಡ್ಯಾಮೇಜ್, ಎದುರಾಳಿಯ ಲೈಫ್ 20. ಅಂದರೆ ಅಂಥ ಏಳು ಏಟು ಸಾಕು. ನನಗೆ ಇಷ್ಟವಾದದ್ದು ಫೈರ್‌ಬ್ಲಾಸ್ಟ್. ಅದರ ಬೆಲೆ ಆರು ಮಾನಾ. ಕೊಡಲಾಗದಿದ್ದರೆ ಎರಡು ಮೌಂಟನ್ ಬಲಿಕೊಟ್ಟರೂ ಆಯಿತು, ಆಗಲೇ ಟ್ಯಾಪ್ ಮಾಡಿ ಅವುಗಳ ಮಾನಾ ಬಳಸಿದ್ದರೂ ಪರವಾಗಿಲ್ಲ. ನನ್ನ ಹತ್ತಿರ ಮಾನಾ ಮುಗಿದಿದೆ ಎಂದು ಗೆಳೆಯ ನಿಶ್ಚಿಂತೆಯಿಂದ ಇದ್ದ. ಅವನ ಲೈಫ್ 4. ಎರಡು ಮೌಂಟನ್ ಎತ್ತಿ ಪಕ್ಕಕ್ಕಿಟ್ಟು ಫೈರ್‌ಬ್ಲಾಸ್ಟ್ ಹಾಕಿದೆ, ಆಟ ಮುಗಿಯಿತು. "ಇದೆಂಥ ಮೋಸ ಮಾರಾಯ!" ಅಂದ. ಮೋಸ ಅಲ್ಲ, ಕಾರ್ಡಿನ ಮೇಲೇ ಬರೆದಿದೆ.

ಪಾಪರ್‌ನ ಕಷ್ಟ ಎಂದರೆ ಜೊತೆಗಾರರು. ನಮ್ಮ ಕಡೆ ಪೋಕೆಮಾನ್ ಗೊತ್ತಿಲ್ಲದ ಹುಡುಗರಿಲ್ಲ, ಪಾಪರ್ ಅಂದರೆ ಯಾರಿಗೂ ಗೊತ್ತಿಲ್ಲ. ಅದಕ್ಕೇ ನಾನು ಎರಡು ಡೆಕ್ ಕಟ್ಟಿ ಒಂದನ್ನು ಎದುರಿನವರ ಕೈಗೆ ಕೊಡುತ್ತೇನೆ. ಮೂರು ಸಾವಿರದಲ್ಲಿ ಎರಡೂ ಆಗುತ್ತವೆ. ಇನ್ನೊಂದು ಕೊರತೆ ಅಭ್ಯಾಸದ್ದು. ಪೋಕೆಮಾನ್ ಟಿಸಿಜಿ ಲೈವ್, ಯು-ಗಿ-ಓ ಮಾಸ್ಟರ್ ಡ್ಯುಯಲ್ ಎಂಬ ಆ್ಯಪ್‌ಗಳು ಎರಡೂ ಫ್ರೀ. ಡೆಕ್ಕನ್ನು ಅಲ್ಲಿ ಆಡಿ ನೋಡಿಯೇ ಕೊಳ್ಳಬಹುದು. ಪಾಪರ್‌ಗೆ ಆ ಅನುಕೂಲ ಸಿಗಲಿಲ್ಲ. ಮನೆಯಲ್ಲಿ ಪ್ರಿಂಟ್ ತೆಗೆದ ಚೀಟಿಗಳನ್ನು ಸ್ಲೀವ್ ಎಂಬ ಪ್ಲಾಸ್ಟಿಕ್ ಕವರಿನೊಳಗೆ ಹಳೇ ಕಾರ್ಡಿನ ಮುಂದೆ ತುರುಕಿ ಆಡಿ ನೋಡಿದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಹೊಳೆಯುವ ಫಾಯಿಲ್ ಕಾರ್ಡ್ ಬೇಡ. ಮಳೆಗಾಲದ ಥಂಡಿಗೆ ಕಾಗದ ನೀರು ಎಳೆದುಕೊಳ್ಳುತ್ತದೆ, ಮೇಲಿನ ಫಾಯಿಲ್ ಎಳೆದುಕೊಳ್ಳುವುದಿಲ್ಲ. ಕಾರ್ಡು ಬಾಗುತ್ತದೆ. ಬಾಗಿದ ಕಾರ್ಡು ಕಟ್ಟಿನಲ್ಲಿ ಎಲ್ಲಿದೆ ಎಂದು ಗೊತ್ತಾದರೆ ಅದನ್ನು ಗುರುತು ಮಾಡಿದ ಕಾರ್ಡ್ ಎಂದೇ ಲೆಕ್ಕ ಹಾಕುತ್ತಾರೆ. ಮಾಮೂಲಿ ಕಾರ್ಡು ಅಗ್ಗವೂ ಹೌದು, ನೆಟ್ಟಗೂ ಇರುತ್ತದೆ. ಸ್ಲೀವ್ ತರಿಸುವಾಗಲೂ ಅಳತೆ ನೋಡಿ. ಪೋಕೆಮಾನ್, ಮ್ಯಾಜಿಕ್ ಕಾರ್ಡುಗಳು 63×88 ಮಿಲಿಮೀಟರ್. ಯು-ಗಿ-ಓ ಕಾರ್ಡು 59×86, ಅದಕ್ಕೆ ಜಪಾನೀಸ್ ಸೈಜ್ ಎಂದು ಬರೆದಿರುವ ಸ್ಲೀವೇ ಬೇಕು.