ಸ್ಮಾರಕ ಪ್ರಶಸ್ತಿಯ ಫಲಕ ಮಾಡಿಸಲು ದಾವಣಗೆರೆಯ ಒಂದು ಅಂಗಡಿ

ನಮಗೆ ವರದಿಗಾರಿಕೆ ಕಲಿಸಿದ ಹಿರಿಯರೊಬ್ಬರ ಹೆಸರಿನಲ್ಲಿ ನಾವು ಕೆಲವರು ಸೇರಿ ಪ್ರತಿ ವರ್ಷ ಜುಲೈ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯ ಪತ್ರಕರ್ತರಿಗೆ ಒಂದು ಸ್ಮಾರಕ ಪ್ರಶಸ್ತಿ ಕೊಡುತ್ತಾ ಬಂದಿದ್ದೇವೆ. ನಮ್ಮದು ದೊಡ್ಡ ಸಂಸ್ಥೆಯಲ್ಲ. ಅವರ ಕೈಕೆಳಗೆ ದುಡಿದ ಐದಾರು ಮಂದಿ, ಅವರ ಮನೆಯವರು, ಬ್ಯಾಂಕಿನಲ್ಲಿಟ್ಟ ಒಂದು ಪುಟ್ಟ ದತ್ತಿ ಮತ್ತು ಅದರಿಂದ ಬರುವ ಬಡ್ಡಿ, ಇಷ್ಟೇ ನಮ್ಮ ಬಂಡವಾಳ. ಈ ವರ್ಷದ ಫಲಕಗಳನ್ನು ಅಶೋಕ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಸಣ್ಣ ನೆನಪಿನ ಕಾಣಿಕೆಗಳ ಅಂಗಡಿಯಲ್ಲಿ ಮಾಡಿಸಿದೆವು. ಇಂತಹ ಪ್ರಶಸ್ತಿಗಳನ್ನು ನಡೆಸುವ ಇತರರಿಗೂ ಉಪಯೋಗವಾಗಲಿ ಎಂಬ ಉದ್ದೇಶದಿಂದ ಅಲ್ಲಿನ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಕಳೆದ ವರ್ಷ ಏನಾಯಿತೆಂದು ಹೇಳಬೇಕು. ಆಗ ನಾವು ಬೇರೊಂದು ಅಂಗಡಿಗೆ ಕೆಲಸ ಕೊಟ್ಟಿದ್ದೆವು. ಬರಹವನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳುಹಿಸಿದ್ದೆವು. ಅವರು ಅದನ್ನು ತಮ್ಮ ಯಂತ್ರಕ್ಕೆ ಹೊಂದುವ ಬೇರೆ ಅಕ್ಷರ ವಿನ್ಯಾಸಕ್ಕೆ ಬದಲಾಯಿಸಿಕೊಂಡಿದ್ದರು. ಕನ್ನಡದ ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಒಂದು ಬಿಡಿ ತುಣುಕಾಗಿ ಅಕ್ಷರದ ಮುಂದೆ ಕೂತಿರುತ್ತದೆ, ಬದಲಾವಣೆಯ ಸಮಯದಲ್ಲಿ ಅದು ಬಿದ್ದುಹೋಗುವುದು ಅಪರೂಪವೇನಲ್ಲ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಫಲಕಗಳು ನಮ್ಮ ಕೈಸೇರಿದವು, ಯಾರೂ ಬಿಚ್ಚಿ ನೋಡಲಿಲ್ಲ. ವೇದಿಕೆಯ ಮೇಲೆ ಜಗಳೂರಿನ ಹಿರಿಯ ವರದಿಗಾರರೊಬ್ಬರು ಫಲಕವನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳನ್ನು ಮೊದಲ ಸಾಲಿನ ಮೇಲೆ ನಿಧಾನವಾಗಿ ಸರಿಸುತ್ತಾ ಒಂದು ಕಡೆ ನಿಲ್ಲಿಸಿದರು. ‘ಸ್ಮರಣಾರ್ಥ’ ಎಂದಿರಬೇಕಾದಲ್ಲಿ ‘ಸ್ಮರಣಾಥ’ ಎಂದಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನ ಮುಖ ನೋಡಿ, "ಇರ್ಲಿ ಬಿಡ್ರಿ ಸರ್, ಗುರುಗಳ ಹೆಸರು ಸರಿಯಾಗಿ ಬಂದೈತಲ್ಲ" ಎಂದು ಮೆಲ್ಲಗೆ ಹೇಳಿ ಫಲಕವನ್ನು ಎದೆಗೆ ಒತ್ತಿಕೊಂಡರು. ಮೂವತ್ತು ವರ್ಷ ಒಂದೊಂದು ಅಕ್ಷರಕ್ಕೂ ಉತ್ತರ ಕೊಟ್ಟ ಮನುಷ್ಯನಿಗೆ ನಾವು ತಪ್ಪಕ್ಷರದ ಗೌರವ ಕೊಟ್ಟಿದ್ದೆವು. ಆ ನೋವಿನಿಂದ ನಾನು ಇನ್ನೂ ಹೊರಗೆ ಬಂದಿಲ್ಲ.

ಹಾಗಾಗಿ ಈ ಸಲ ಜೂನ್ ತಿಂಗಳಲ್ಲೇ ಅಂಗಡಿ ಹುಡುಕಲು ಹೊರಟೆ. ಪಿ.ಜೆ. ಬಡಾವಣೆ, ಮಂಡಿಪೇಟೆಗಳಲ್ಲಿ ವಿಚಾರಿಸಿ ಕೊನೆಗೆ ಇಲ್ಲಿಗೆ ಬಂದೆ. ಅಂಗಡಿ ನೋಡಲು ಅಷ್ಟೇನೂ ದೊಡ್ಡದಲ್ಲ. ಗಾಜಿನ ಕಪಾಟಿನಲ್ಲಿ ಕ್ರೀಡಾಕೂಟದ ಬಟ್ಟಲುಗಳು, ಚಿತ್ರದುರ್ಗದ ಕೋಟೆ ಬಾಗಿಲಿನ ಮಾದರಿಗಳು, ಓಬವ್ವ ಒನಕೆ ಎತ್ತಿ ನಿಂತ ಪುಟ್ಟ ಮೂರ್ತಿಗಳು. ಒಳಗಡೆ ಲೇಸರ್ ಯಂತ್ರ, ಅದರ ಪಕ್ಕದಲ್ಲಿ ಸುಟ್ಟ ಮರದ ವಾಸನೆ ಹೊರಗೆ ಹೋಗಲೆಂದು ಕಿಟಕಿಗೆ ಜೋಡಿಸಿದ ಫ್ಯಾನು. ಮಾಲೀಕರು ಮೊದಲು ಮುದ್ರಣಾಲಯವೊಂದರಲ್ಲಿ ಡಿಟಿಪಿ ಕೆಲಸ ಮಾಡಿದವರು. ಜುಲೈ ತಿಂಗಳು ಅವರಿಗೆ ಬಿಡುವಿಲ್ಲದ ಕಾಲ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದ ನೆನಪಿಗೆ ಆ ದಿನವನ್ನು ಪತ್ರಿಕಾ ದಿನವಾಗಿ ಆಚರಿಸುತ್ತೇವಲ್ಲ, ಆ ಸಭೆಗಳು ತಾಲ್ಲೂಕು ತಾಲ್ಲೂಕಿನಲ್ಲಿ ತಿಂಗಳಿಡೀ ನಡೆಯುತ್ತವೆ, ಒಂದೊಂದು ಸಭೆಯಲ್ಲೂ ಸನ್ಮಾನವಿರುತ್ತದೆ. ಆ ಒತ್ತಡದ ನಡುವೆಯೂ ಅವರು ನಮ್ಮ ಎರಡೇ ಎರಡು ಫಲಕಗಳಿಗೆ ಕೊಟ್ಟ ಗಮನವನ್ನು ನಾನು ಮರೆಯುವಂತಿಲ್ಲ.

ನಾವು ಬರೆದುಕೊಂಡು ಹೋಗಿದ್ದ ಹಾಳೆಯನ್ನು ಅವರು ಪೂರ್ತಿ ಓದಿದರು. ಮೇಲೆ ನಮ್ಮ ಸಮಿತಿಯ ಹೆಸರು, ನಂತರ ಗುರುಗಳ ಹೆಸರು, ಆಮೇಲೆ ಅತಿಥಿಗಳ ಹೆಸರು, ಪ್ರಾಯೋಜಕರ ಹೆಸರು, ಎಲ್ಲಕ್ಕೂ ಕೆಳಗೆ ಪ್ರಶಸ್ತಿ ಪಡೆಯುವವರ ಹೆಸರು. ಎಲ್ಲ ಕಡೆಯೂ ಹೀಗೇ ಬರೆಯುತ್ತಾರೆ, ನಾವೂ ಹಾಗೇ ಬರೆದಿದ್ದೆವು. ಅವರು ಹಾಳೆಯನ್ನು ನಮ್ಮ ಕಡೆ ತಿರುಗಿಸಿ ಕೇಳಿದರು: "ಸರ್, ಇವರಿಗೆ ಯಾಕೆ ಕೊಡ್ತಿದ್ದೀರಿ ಅಂತ ಇದರಾಗೆ ಎಲ್ಲೂ ಇಲ್ಲಲ್ರೀ? ಯಾವ ವರದಿಗೆ?"

ಆ ಪ್ರಶ್ನೆಗೆ ನಮ್ಮಲ್ಲಿ ತಟ್ಟನೆ ಉತ್ತರವಿರಲಿಲ್ಲ. ‘ಪತ್ರಿಕಾ ರಂಗದಲ್ಲಿ ತಾವು ಸಲ್ಲಿಸಿದ ಅನುಪಮ ಸೇವೆಯನ್ನು ಗುರುತಿಸಿ’ ಎಂಬ ಸಾಲು ಮಾತ್ರ ಇತ್ತು. ಆ ಸಾಲನ್ನು ಯಾರ ಹೆಸರಿನ ಕೆಳಗೆ ಬರೆದರೂ ನಡೆಯುತ್ತದೆ. ಜೀವಮಾನದ ಸಾಧನೆಗೆಂದು ಕೊಡುವ ಪ್ರಶಸ್ತಿಗಳ ಮಾತು ಬೇರೆ. ‘ಪ್ರಜಾವಾಣಿ’ಯ ಸಂಪಾದಕರಾಗಿದ್ದ, ‘ಛೂಬಾಣ’ ಅಂಕಣದಿಂದ ಮನೆಮಾತಾಗಿದ್ದ ಟಿ.ಎಸ್. ರಾಮಚಂದ್ರರಾವ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಕೊಡುವ ಪ್ರಶಸ್ತಿ ಅಂತಹದು, ಅಲ್ಲಿ ಇಡೀ ಬದುಕಿನ ದುಡಿಮೆಯೇ ಕಾರಣವಾಗುತ್ತದೆ. ಆದರೆ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕಾ ಸಮೂಹವನ್ನು ಕಟ್ಟಿದ ರಾಮನಾಥ ಗೋಯೆಂಕಾ ಅವರ ಹೆಸರಿನ ಪ್ರಶಸ್ತಿಗಳನ್ನು ನೋಡಿ, ಒಂದೊಂದು ವಿಭಾಗದಲ್ಲಿಯೂ ಇಂತಹ ವರದಿಗೆ ಎಂದು ಹೇಳಿಯೇ ಕೊಡುತ್ತಾರೆ. ಅಮೆರಿಕದಲ್ಲಿ ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ ಅವರ ಉಯಿಲಿನಂತೆ 1917ರಿಂದ ನಡೆದುಬಂದಿರುವ ಪ್ರಶಸ್ತಿಯಲ್ಲಿ ಯಾವ ಕೆಲಸಕ್ಕಾಗಿ ಎಂಬ ಒಕ್ಕಣೆ ಹೆಸರಿನ ಜೊತೆಗೇ ಇರುತ್ತದೆ. ಸಾರ್ವಜನಿಕ ಸೇವೆಯ ವಿಭಾಗದಲ್ಲಂತೂ ಚಿನ್ನದ ಪದಕ ಸಲ್ಲುವುದು ಪತ್ರಿಕೆಗೆ. ದೊಡ್ಡವರ ಮಾತಾಯಿತು, ನಮ್ಮಂತಹ ಸಣ್ಣವರಿಗೆ ಅದೇಕೆ ಎಂದು ಯಾರಾದರೂ ಕೇಳಬಹುದು. ಸಣ್ಣ ಪ್ರಶಸ್ತಿಗೇ ಅದು ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ. ತಾಲ್ಲೂಕಿನ ಅರೆಕಾಲಿಕ ವರದಿಗಾರನ ಹೆಸರು ಎಷ್ಟೋ ಸಲ ಅವನ ವರದಿಯ ಮೇಲೂ ಅಚ್ಚಾಗುವುದಿಲ್ಲ, ಊರಿನ ಹೆಸರು ಮಾತ್ರ ಇರುತ್ತದೆ. ಅವನು ಮಾಡಿದ ಕೆಲಸ ಇಂತಹದೆಂದು ಒಂದು ಕಡೆಯಾದರೂ ಬರೆದಿಡುವ ಜವಾಬ್ದಾರಿ ನಮ್ಮಂತಹವರದು.

ನಾವು ಹಿಂದಿರುಗಿ, ಆಯ್ಕೆಯ ಸಮಯದಲ್ಲಿ ಓದಿದ್ದ ವರದಿಗಳ ಕಟ್ಟನ್ನು ಮತ್ತೆ ಬಿಚ್ಚಿ ಕುಳಿತೆವು. ಈ ವರ್ಷ ಆಯ್ಕೆಯಾದವರಲ್ಲಿ ಒಬ್ಬರು ಭದ್ರಾ ಬಲದಂಡೆ ನಾಲೆಯ ಕೊನೆಯ ಭಾಗದ ಹಳ್ಳಿಗಳಿಗೆ ನೀರು ಏಕೆ ತಲುಪುತ್ತಿಲ್ಲ ಎಂಬುದನ್ನು, ಕಚೇರಿಯಲ್ಲಿ ಕುಳಿತು ಜಲಾಶಯದ ಮಟ್ಟ ಇಷ್ಟು ಅಡಿ ಎಂದು ಬರೆಯುವ ಬದಲು, ತೂಬಿನಿಂದ ತೂಬಿಗೆ ಮೋಟರ್ ಸೈಕಲ್ಲಿನಲ್ಲಿ ಹೋಗಿ ಕಂಡು ಬರೆದವರು. ಇನ್ನೊಬ್ಬರು ಇದೇ ಊರಿನ ಮಂಡಕ್ಕಿ ಭಟ್ಟಿಗಳಲ್ಲಿ ಹೊಗೆ, ಬೂದಿ, ಬಿಸಿ ಮರಳಿನ ನಡುವೆ ದುಡಿಯುವ ಹೆಣ್ಣುಮಕ್ಕಳ ಕೆಮ್ಮಿನ ಬಗ್ಗೆ ಬರೆದ ಯುವತಿ. ಅವರಿಬ್ಬರ ಕೆಲಸವನ್ನು ಒಂದೊಂದು ವಾಕ್ಯದಲ್ಲಿ ಹೇಳಲು ನಮಗೆ ಎರಡು ಸಂಜೆಗಳು ಬೇಕಾದವು. ಅತಿಥಿಗಳ ಮತ್ತು ಪ್ರಾಯೋಜಕರ ಹೆಸರುಗಳನ್ನು ಫಲಕದಿಂದ ತೆಗೆದು ಆಮಂತ್ರಣ ಪತ್ರಿಕೆಗೆ ಸೇರಿಸಿದೆವು. ಪ್ರಶಸ್ತಿ ಪಡೆದವರ ಹೆಸರು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ನಡುವೆ ಬಂತು, ಅದರ ಮೇಲೆ ಗುರುಗಳ ಹೆಸರು, ಕೆಳಗೆ ಆ ಒಂದು ವಾಕ್ಯ.

ಅಕ್ಷರಗಳ ವಿಷಯದಲ್ಲಿ ಈ ಅಂಗಡಿಯ ಪದ್ಧತಿ ಎಲ್ಲರೂ ಅನುಸರಿಸಬೇಕಾದದ್ದು. ಕಳುಹಿಸಿದ ಕಡತವನ್ನು ಹಾಗೆಯೇ ಯಂತ್ರಕ್ಕೆ ಕೊಡುವುದಿಲ್ಲ. ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಿ, ಫಲಕದ ನಿಜವಾದ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ ಕರಡು ಕೊಡುತ್ತಾರೆ. ಅದನ್ನು ಅಲ್ಲೇ ನಿಂತು ನೋಡಿ ಒಪ್ಪಿಗೆ ಕೊಡಲು ಬಿಡುವುದಿಲ್ಲ, ಮನೆಗೆ ಒಯ್ದು ಬೆಳಿಗ್ಗೆ ಮತ್ತೊಮ್ಮೆ ಓದಿ ಇಬ್ಬರು ಸಹಿ ಹಾಕಿ ತರಬೇಕು. ನಮ್ಮ ಹಾಳೆಯಲ್ಲಿ ‘ಉತ್ಕೃಷ್ಠ’ ಎಂದು ಬರೆದುಹೋಗಿತ್ತು. ಅವರು ಪೆನ್ಸಿಲ್ಲಿನಲ್ಲಿ ಅದರ ಕೆಳಗೆ ಗೆರೆ ಎಳೆದು, ‘ಶ್ರೇಷ್ಠ’ಕ್ಕೆ ಮಹಾಪ್ರಾಣ, ‘ಉತ್ಕೃಷ್ಟ’ಕ್ಕೆ ಅಲ್ಪಪ್ರಾಣ ಅಲ್ಲವೇ ಎಂದು ವಿನಯದಿಂದ ಕೇಳಿದರು. ಕರಡು ತಿದ್ದುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ನಾವು ಮೂವರು ಅದನ್ನು ನೋಡದೆ ದಾಟಿದ್ದೆವು. ಹೊರಗಿನ ಒಂದು ಜೊತೆ ಕಣ್ಣು ಏಕೆ ಬೇಕೆಂದು ನಮ್ಮ ಗುರುಗಳು ಹೇಳುತ್ತಿದ್ದದ್ದು ಆಗ ನೆನಪಾಯಿತು. ಮೊಳೆ ಜೋಡಿಸುವ ಕಾಲದಲ್ಲಿ ಅವರು ಕೊನೆಯ ಪ್ರೂಫನ್ನು ಮುದ್ರಣಾಲಯದ ಬಾಗಿಲಲ್ಲಿ ಕುಳಿತಿರುತ್ತಿದ್ದ ಕಾವಲುಗಾರನಿಗೂ ಒಮ್ಮೆ ಓದಲು ಕೊಡುತ್ತಿದ್ದರು.

ಇನ್ನು ಸಾಮಗ್ರಿಯ ಮಾತು. ಅಕ್ರಿಲಿಕ್, ಗಾಜು, ಒತ್ತಿದ ಹಲಗೆ, ತೇಗ, ಎಲ್ಲವೂ ಇಲ್ಲಿ ಸಿಗುತ್ತವೆ. ಬಣ್ಣದಲ್ಲಿ ಮುದ್ರಿಸಿದ ಅಕ್ರಿಲಿಕ್ ಶೀಲ್ಡುಗಳು ಕಡಿಮೆ ಬೆಲೆಗೆ ಬರುತ್ತವೆ, ಆದರೆ ಬಿಸಿಲು ಬೀಳುವ ಗೋಡೆಯ ಮೇಲೆ ಕೆಲವು ವರ್ಷಗಳಲ್ಲೇ ಅಕ್ಷರ ಮಸುಕಾಗುವುದನ್ನು ನಾನು ನಮ್ಮ ಹಳೆಯ ಫಲಕಗಳಲ್ಲೇ ಕಂಡಿದ್ದೇನೆ. ನಾವು ತೇಗದ ಹಲಗೆಗೆ ಹಿತ್ತಾಳೆಯ ತಗಡು ಜೋಡಿಸಿದ್ದನ್ನು ಆರಿಸಿಕೊಂಡೆವು. ಅಕ್ಷರಗಳನ್ನು ತಗಡಿನೊಳಕ್ಕೆ ಕೊರೆದು, ಆ ಕುಳಿಗೆ ಕಪ್ಪು ಬಣ್ಣ ತುಂಬಿಸಿರುತ್ತಾರೆ. ಬಣ್ಣ ಹೋದರೂ ಅಕ್ಷರದ ಕುಳಿ ಉಳಿಯುತ್ತದೆ, ಬೆರಳಿಗೆ ತಿಳಿಯುತ್ತದೆ. ಒಂದಕ್ಕೆ 1,800 ರೂಪಾಯಿ ಬಿತ್ತು. ಕಳೆದ ವರ್ಷ ಕೊಟ್ಟದ್ದಕ್ಕಿಂತ ಇದು ಹೆಚ್ಚೇ. ಆ ಹೆಚ್ಚಿನ ಹಣವನ್ನು ನಾವು ಹಾರ ತುರಾಯಿಗಳಲ್ಲಿ ಉಳಿಸಿದೆವು. ಹಾವೇರಿಯಿಂದ ಏಲಕ್ಕಿ ಹಾರ ತರಿಸುವ ವಾಡಿಕೆ ನಮ್ಮಲ್ಲಿ ಮೊದಲಿನಿಂದ ಇತ್ತು. ಅದು ಬಹಳ ಚೆಂದದ ಹಾರ, ಅದರ ಕುಶಲಕರ್ಮಿಗಳ ಬಗ್ಗೆ ನನಗೆ ಗೌರವವಿದೆ, ಆದರೂ ಈ ವರ್ಷ ಅದರ ಬದಲು ಒಂದು ಶಾಲು, ಹಣ್ಣಿನ ಬುಟ್ಟಿ ಸಾಕೆಂದು ತೀರ್ಮಾನಿಸಿದೆವು. ನಗದು ಬಹುಮಾನಕ್ಕೆ ಕೈ ಹಚ್ಚಲಿಲ್ಲ.

ಕೊರತೆಗಳೂ ಇವೆ. ಹೇಳಿದ ದಿನಕ್ಕಿಂತ ಒಂದು ದಿನ ತಡವಾಗಿ ಕೊಟ್ಟರು. ನಾವು ನಾಲ್ಕು ದಿನ ಮುಂಚಿನ ದಿನಾಂಕ ಹೇಳಿದ್ದರಿಂದ ತೊಂದರೆಯಾಗಲಿಲ್ಲ. ಹಿತ್ತಾಳೆಯ ಮೇಲೆ ಪಾರದರ್ಶಕ ಲೇಪನ ಕೊಡಿರೆಂದು ನಾವೇ ನೆನಪಿಸಬೇಕಾಯಿತು, ಲೇಪನವಿಲ್ಲದಿದ್ದರೆ ತಗಡು ಬೇಗ ಕಪ್ಪಾಗುತ್ತದೆ. ಫಲಕ ಇಡಲು ಕೊಡುವ ರಟ್ಟಿನ ಪೆಟ್ಟಿಗೆ ಬಹಳ ತೆಳು. ಇಷ್ಟು ಭಾರದ ಹಲಗೆಯನ್ನು ಬಸ್ಸಿನಲ್ಲಿ ಹೊನ್ನಾಳಿಗೋ ಚನ್ನಗಿರಿಗೋ ಒಯ್ಯುವವರ ಕಷ್ಟವನ್ನು ಅಂಗಡಿಯವರು ಯೋಚಿಸಬೇಕು. ನಾವು ಒಳಗೆ ಹಳೆಯ ಪತ್ರಿಕೆಗಳನ್ನು ತುಂಬಿ ಹಗ್ಗ ಕಟ್ಟಿದೆವು. ಅಂಗಡಿಯ ಮುಂದೆ ವಾಹನ ನಿಲ್ಲಿಸಲು ಜಾಗವಿಲ್ಲ.

ಕಾರ್ಯಕ್ರಮ ವಿದ್ಯಾನಗರದ ಕುವೆಂಪು ಕನ್ನಡ ಭವನದಲ್ಲಿ ನಡೆಯಿತು. ಫಲಕ ಕೊಡುವ ಮೊದಲು ನಿರೂಪಕರು ಅದರ ಮೇಲಿದ್ದ ವಾಕ್ಯವನ್ನು ಇದ್ದ ಹಾಗೆ ಓದಿದರು. ಮಂಡಕ್ಕಿ ಭಟ್ಟಿಯ ವರದಿ ಬರೆದ ಯುವತಿಯ ತಾಯಿ ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಅವರು ಫಲಕವನ್ನು ಮಡಿಲಲ್ಲಿಟ್ಟುಕೊಂಡು, ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಕೂಡಿಸಿ ಓದುತ್ತಿದ್ದರು. ಮಗಳು ಏನು ಕೆಲಸ ಮಾಡುತ್ತಾಳೆಂದು ಇಷ್ಟು ದಿನ ತಮಗೆ ಸರಿಯಾಗಿ ತಿಳಿದಿರಲಿಲ್ಲ ಎಂದು ನನ್ನ ಹೆಂಡತಿಯ ಬಳಿ ಹೇಳಿದರಂತೆ.

ಇಂತಹ ಕೆಲಸಕ್ಕೆ ಈ ಅಂಗಡಿಗೆ ಹೋಗುವವರು ಕನಿಷ್ಠ ಹದಿನೈದು ದಿನ ಮೊದಲು ಹೋಗಬೇಕು, ಪಡೆಯುವವರ ಹೆಸರನ್ನು ಅವರೇ ತಮ್ಮ ಕೈಯಲ್ಲಿ ಬರೆದ ಚೀಟಿಯನ್ನು ಜೊತೆಗೆ ಒಯ್ಯಬೇಕು. ನಮ್ಮ ಜನರ ಹೆಸರಿನಲ್ಲಿ ಒಂದು ದೀರ್ಘ, ಒಂದು ಒತ್ತಕ್ಷರ, ಇನಿಷಿಯಲ್ಲಿನ ಒಂದು ಚುಕ್ಕೆ ಅವರವರಿಗೆ ಮಾತ್ರ ಸರಿಯಾಗಿ ಗೊತ್ತಿರುತ್ತದೆ.

ಕಳೆದ ವರ್ಷದ ಫಲಕದ ವಿಷಯವನ್ನು ನಾನು ಮಾಲೀಕರಿಗೆ ಹೇಳಿದ್ದೆ. ಹಲಗೆ ಚೆನ್ನಾಗಿದ್ದರೆ ತಗಡು ಮಾತ್ರ ಹೊಸದು ಹಾಕಿಕೊಡುತ್ತೇನೆ, ತಂದುಕೊಡಿ ಎಂದರು. ಜಗಳೂರಿನ ಹಿರಿಯರಿಂದ ಅದನ್ನು ತರಿಸಿದೆವು. ಹೊಸ ತಗಡಿಗೆ ಕೊಡುವ ಮುನ್ನ ಅವರ ಕೆಲಸದ ಬಗ್ಗೆಯೂ ಒಂದು ವಾಕ್ಯ ಬರೆದೆವು: ಬರಗಾಲದ ವರ್ಷಗಳಲ್ಲಿ ಜಗಳೂರು ತಾಲ್ಲೂಕಿನ ಹಳ್ಳಿಗಳ ಕುಡಿಯುವ ನೀರಿನಲ್ಲಿರುವ ಫ್ಲೋರೈಡ್ ಬಗ್ಗೆ ಬಿಡದೆ ಬರೆದ ವರದಿಗಳಿಗಾಗಿ. ತಗಡಿನ ಬೆಲೆಯನ್ನು ಮಾತ್ರ ತೆಗೆದುಕೊಂಡರು, ಜೋಡಿಸಿದ ಕೂಲಿ ಬೇಡವೆಂದರು. ಕಳೆದ ವಾರ ನಾನೇ ಜಗಳೂರಿನ ಬಸ್ಸು ಹತ್ತಿ ಹೋಗಿ ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಹೆಬ್ಬೆರಳನ್ನು ಮೊದಲ ಸಾಲಿನ ಮೇಲೆ ಇಟ್ಟು, ಕೊನೆಯ ಸಾಲಿನವರೆಗೂ ಎಲ್ಲೂ ನಿಲ್ಲಿಸದೆ ಓದಿದರು.