ಹಳೇ ಮನೆಯ ಸಾಮಾನು ಸಾಗಿಸಲು ಯಾರು ಸರಿ: ಕಂಪನಿಯೋ, ಆ್ಯಪ್ ಗಾಡಿಯೋ, ಸ್ಟ್ಯಾಂಡಿನ ಟೆಂಪೋನೋ?

ಅಪಾರ್ಟ್‌ಮೆಂಟಿನಿಂದ ಅಪಾರ್ಟ್‌ಮೆಂಟಿಗೆ ಹೋಗುವವರು ಯಾರನ್ನು ಕರೆದರೂ ನಡೆಯುತ್ತದೆ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯ ಹಳೇ ಮನೆ ಖಾಲಿ ಮಾಡುವ ಲೆಕ್ಕವೇ ಬೇರೆ. ಚಾಮರಾಜಪೇಟೆ 1892ರದು. ಉಳಿದೆರಡು ಕಡೆ 1898ರ ಪ್ಲೇಗಿನ ಕಾಲಕ್ಕೆ ಪೇಟೆಯ ಜನ ಬಂದು ನೆಲೆಸಿದರು. ಬಾಗಿಲಿಗೆ ಲಾರಿ ಬಂದು ನಿಲ್ಲುತ್ತದೆ ಎಂದು ಯಾರೂ ಆಗ ಅಳತೆ ಹಾಕಿರಲಿಲ್ಲ. ಇಂಥ ಮನೆಯ ಸಾಮಾನು ದಾರಿಯಲ್ಲಿ ಕೆಡುವುದು ಅಪರೂಪ, ಕೆಡುವುದೆಲ್ಲ ನಡುಮನೆಯಿಂದ ಗಾಡಿಯವರೆಗಿನ ಮೂವತ್ತು ಅಡಿಯಲ್ಲಿ. ಪ್ಯಾಕರ್ಸ್ ಕಂಪನಿ, ಆ್ಯಪ್‌ನಲ್ಲಿ ಬುಕ್ ಮಾಡುವ ಮಿನಿ ಟ್ರಕ್, ಟೆಂಪೋ ಸ್ಟ್ಯಾಂಡಿನ ಗಾಡಿ ಜೊತೆಗೆ ಹಮಾಲರು, ಈ ಮೂರನ್ನೂ ಇಂಥ ಮನೆಗಳಲ್ಲಿ ಹಾಕಿ ನೋಡಿದ್ದೇವೆ. ಆ ಮೂವತ್ತು ಅಡಿಯನ್ನು ಯಾರು ಹೇಗೆ ದಾಟಿಸುತ್ತಾರೆ ಎಂಬುದನ್ನೇ ಇಲ್ಲಿ ತೂಗಿರುವುದು.

ಮೊದಲು ಗಾಡಿ. ಕಂಪನಿಯವರು ಎರಡು ಬೆಡ್‌ರೂಮಿನ ಮನೆಗೆ ಸಾಮಾನ್ಯವಾಗಿ 14 ಅಡಿಯ ಮುಚ್ಚಿದ ಕಂಟೇನರ್ ಕಳಿಸುತ್ತಾರೆ. ಎಲ್ಲವೂ ಒಂದೇ ಟ್ರಿಪ್ಪಿಗೆ ಹೋಗುತ್ತದೆ, ಮಳೆಯ ಭಯವಿಲ್ಲ. ಆದರೆ ಅದರ ನೆತ್ತಿ ನೆಲದಿಂದ ಹತ್ತು ಅಡಿಯ ಆಸುಪಾಸು ಇರುತ್ತದೆ. ಬಗ್ಗಿದ ಹೊಂಗೆಯ ಕೊಂಬೆ, ಕಂಬದಿಂದ ಕಂಬಕ್ಕೆ ಜೋತುಬಿದ್ದ ಕೇಬಲ್ಲು ಎಲ್ಲ ಅಷ್ಟೇ ಎತ್ತರದಲ್ಲಿವೆ. ಡ್ರೈವರ್ ಕ್ರಾಸಿನ ಬಾಯಲ್ಲೇ ನಿಲ್ಲಿಸುತ್ತಾನೆ, ಅಲ್ಲಿಗೆ ನಿಮ್ಮ ಮೂವತ್ತು ಅಡಿ ಮುನ್ನೂರು ಅಡಿಯಾಗುತ್ತದೆ. ದೂರ ಹೊತ್ತದ್ದಕ್ಕೆ ಬಿಲ್ಲಿನಲ್ಲಿ ಬೇರೆ ಸಾಲು ಸೇರುತ್ತದೆ. ಮಲ್ಲೇಶ್ವರದ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಎರಡೂ ಒನ್‌ವೇ. ಕ್ರಾಸ್ ತಪ್ಪಿಸಿಕೊಂಡರೆ ಆ ಗಾತ್ರದ ಗಾಡಿ ದೊಡ್ಡ ಸುತ್ತು ಹಾಕಿಯೇ ಬರಬೇಕು. ಸರ್ವೇಗೆ ಬಂದವನಿಗೆ ಮನೆಯೊಳಗಿನ ಸಾಮಾನಷ್ಟೇ ತೋರಿಸಿ ಕಳಿಸಬೇಡಿ. ಕ್ರಾಸಿನ ತುದಿಯವರೆಗೆ ನಡೆಸಿಕೊಂಡು ಹೋಗಿ ಮರ, ಕೇಬಲ್ಲು ತೋರಿಸಿ, ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಕೊಟೇಶನ್ನಿನಲ್ಲೇ ಬರೆಸಿ.

ಆ್ಯಪ್‌ನಲ್ಲಿ ಬರುವುದು ಹೆಚ್ಚಾಗಿ ಟಾಟಾ ಏಸ್, ಜನರ ಬಾಯಲ್ಲಿ ಛೋಟಾ ಹಾಥಿ. ತೊಟ್ಟಿ ಸುಮಾರು 7 ಅಡಿ ಉದ್ದ, 5 ಅಡಿಗೆ ಸ್ವಲ್ಪ ಕಡಿಮೆ ಅಗಲ, ಹೊರುವ ಭಾರ 750 ಕಿಲೋ. ಹಿತ್ತಾಳೆ, ಪುಸ್ತಕ, ಕಲ್ಲು ತುಂಬಿದ ಹಳೇ ಮನೆಗೆ ಮೂರು ಟ್ರಿಪ್ ಎಂದೇ ಇಟ್ಟುಕೊಳ್ಳಿ. ಇದರ ಲಾಭ ಒಂದೇ: ಗೇಟಿನವರೆಗೂ ಬರುತ್ತದೆ. ಹಿಂದಿನ ಕನ್ಸರ್ವೆನ್ಸಿ ಗಲ್ಲಿ (ಮನೆಗಳ ಬೆನ್ನಿಗೆ ಸಫಾಯಿಗೆಂದು ಬಿಟ್ಟ ಓಣಿ) ಒತ್ತುವರಿಯಾಗದೆ ಉಳಿದಿದ್ದರೆ ಹಿತ್ತಲ ಬಾಗಿಲಿಗೂ ಹಚ್ಚಬಹುದು. ಅಡುಗೆಮನೆಯ ಭಾರವೆಲ್ಲ ಆ ಕಡೆಯಿಂದ ಹೋದರೆ ನಡುಮನೆಯ ನೆಲ ಉಳಿಯುತ್ತದೆ. ತೊಂದರೆ ಗಡಿಯಾರದ್ದು. ಲೋಡಿಂಗಿಗೆ ಕೊಡುವ ಉಚಿತ ನಿಮಿಷಗಳು ಲಿಫ್ಟ್ ಇರುವ ಕಟ್ಟಡದ ಅಂದಾಜಿನವು, ಆಮೇಲೆ ನಿಮಿಷಕ್ಕಿಷ್ಟು ಎಂದು ಮೀಟರ್ ಓಡುತ್ತದೆ. ಬೀರು ಒಂದನ್ನು ಹೊರಗೆ ತರುವಷ್ಟರಲ್ಲಿ ಅರ್ಧ ಹೊತ್ತು ಮುಗಿದಿರುತ್ತದೆ. ಮೂರು ಟ್ರಿಪ್ಪಿಗೆ ಮೂವರು ಡ್ರೈವರ್ ಬರಬಹುದು, ಮೂವರಿಗೂ ದಾರಿ ಹೊಸದಾಗಿ ಹೇಳಬೇಕು. ಸಾಮಾನೆಲ್ಲ ಮೊದಲೇ ಜಗುಲಿಯಲ್ಲಿ ಜೋಡಿಸಿಟ್ಟು, ಆಮೇಲೆ ಬುಕ್ ಮಾಡಿದರೆ ಮಾತ್ರ ಇದು ಅಗ್ಗ.

ಸ್ಟ್ಯಾಂಡಿನ ಟೆಂಪೋ ಇದೇ ಏಸ್ ಆಗಿರಬಹುದು, ಹತ್ತು ಅಡಿ ತೊಟ್ಟಿಯ ಟಾಟಾ 407 ಲಾರಿ ಆಗಿರಬಹುದು. ವ್ಯತ್ಯಾಸ ಮನುಷ್ಯನದು. ಇಡೀ ದಿನ ಒಬ್ಬನೇ ಡ್ರೈವರ್, ಯಾವ ಕ್ರಾಸಿನಲ್ಲಿ ತರಕಾರಿ ಗಾಡಿಗಳು ಎಷ್ಟು ಹೊತ್ತಿಗೆ ಏಳುತ್ತವೆ ಎಂಬುದು ಅವನಿಗೆ ಗೊತ್ತು. ತೊಟ್ಟಿ ಮೇಲೆ ತೆರೆದಿರುವುದರಿಂದ ಕೊಂಬೆ ತಗಲುವುದಿಲ್ಲ. ಆದರೆ ಟಾರ್ಪಾಲು ಅವನ ಹತ್ತಿರ ಇದೆಯೇ, ಇದ್ದರೆ ತೂತಿಲ್ಲವೇ ಎಂದು ಹಿಂದಿನ ದಿನವೇ ಬಿಡಿಸಿ ನೋಡಿ.

ಇನ್ನು ಬಾಗಿಲು. ಮೂರೂ ತಂಡಗಳ ಯೋಗ್ಯತೆ ಗೊತ್ತಾಗುವುದು ಸ್ಟೀಲ್ ಬೀರು ಹೊರಗೆ ತರುವಾಗಲೇ. ಸಾಮಾನ್ಯ ಬೀರು 78 ಇಂಚು ಎತ್ತರ, 36 ಅಗಲ, 19 ದಪ್ಪ. ಹಳೇ ಒಳಬಾಗಿಲು ಆರಡಿ, ಅಂದರೆ 72 ಇಂಚು. ನಿಲ್ಲಿಸಿಕೊಂಡು ದಾಟಲಾಗದು, ಮಲಗಿಸಲೇಬೇಕು. ಮೂರಡಿ ಪ್ಯಾಸೇಜಿನ ಮೂಲೆಯಲ್ಲಿ 19 ಇಂಚು ದಪ್ಪದ ವಸ್ತು ಮಲಗಿದಂತೆಯೇ ತಿರುಗಬೇಕಾದರೆ ಉದ್ದ ಹೆಚ್ಚೆಂದರೆ 63 ಇಂಚು ಇರಬೇಕು, ಬೀರು ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬಾಗಿಲಲ್ಲಿ ಮಲಗಿಸಿ, ಮೂಲೆಯಲ್ಲಿ ನಿಲ್ಲಿಸಿ, ಮತ್ತೆ ಮಲಗಿಸಬೇಕು. ಅಡ್ಡ ಮಲಗಿದ್ದನ್ನು ಎಬ್ಬಿಸಿ ನಿಲ್ಲಿಸುವಾಗ ಅದರ ಮೂಲೆ 86 ಇಂಚಿನವರೆಗೆ ಏಳುತ್ತದೆ. ಸೂರು ಹನ್ನೊಂದು ಅಡಿ ಇದ್ದರೆ ಚಿಂತೆಯಿಲ್ಲ. ಪ್ಯಾಸೇಜಿನ ಮೇಲೆ ಏಳಡಿಗೆ ಅಟ್ಟ ಹಾಕಿಸಿದ್ದರೆ ಎರಡು ಇಂಚು ಸಾಲದು. ಅಂಥಲ್ಲಿ ಅಟ್ಟದಾಚೆಯೇ ನಿಲ್ಲಿಸಿಕೊಂಡು, ನೆಟ್ಟಗೆ ನಡೆಸಿ ತರಬೇಕು.

ಕಂಪನಿಯ ಹುಡುಗರು ಇದನ್ನು ಮೂಲೆಗೆ ಬಂದ ಮೇಲೆ ಯೋಚಿಸುತ್ತಾರೆ. ಹಮಾಲಿ ಮೇಸ್ತ್ರಿ ಬಾಗಿಲಿಗೆ ಗೇಣು ಹಾಕಿ ನೋಡಿ, ಮೊದಲು ಯಾವ ಕಡೆ ಕಾಲು ಎಂದು ಹೇಳುತ್ತಾನೆ. ಆ್ಯಪ್‌ನ ಡ್ರೈವರ್ ಜೊತೆ ಒಬ್ಬ ಹೆಲ್ಪರ್ ಸಿಕ್ಕರೂ ಬೀರು ಇಬ್ಬರ ಕೆಲಸವಲ್ಲ, ನಾಲ್ಕು ಜನ ಬೇಕು. ಯಾರೇ ಆಗಲಿ, ಎಳೆಯಲು ಬಿಡಬೇಡಿ. ಬೀರುವಿನ ಕಾಲು ತಗಡು, ಹೊಸ್ತಿಲಿಗೆ ತಾಗಿದರೆ ಒಳಕ್ಕೆ ಮಡಚುತ್ತದೆ. ರೆಡ್ ಆಕ್ಸೈಡ್ ನೆಲಕ್ಕೆ ಬಿದ್ದ ಗೀರು ಹೋಗುವುದಿಲ್ಲ. ತೇಪೆ ಹಾಕಿದರೆ ಹಳೇ ಬಣ್ಣ ಬರುವುದಿಲ್ಲ, ಬಾಡಿಗೆ ಮನೆಯಾದರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. ನಡುಮನೆಯಿಂದ ಜಗುಲಿಯವರೆಗೆ ಹಳೇ ಜಮಖಾನ ಹಾಸಿ, ಹೊಸ್ತಿಲಿನ ಎರಡೂ ಬದಿಗೆ ಪ್ಲೈವುಡ್ ತುಂಡು ಇಳಿಜಾರಾಗಿ ಇಡಿ.

ಮರದ ಸಾಮಾನಿನಲ್ಲಿ ಕಂಪನಿಯವರ ನಾಜೂಕೇ ಮುಳುವಾಗುತ್ತದೆ. ಬಬಲ್ ರ್‍ಯಾಪನ್ನು ನೇರವಾಗಿ ಬೀಟೆಯ ಮೇಜಿಗೆ ಸುತ್ತಿ ಮುಚ್ಚಿದ ಕಂಟೇನರಿನಲ್ಲಿ ಬಿಸಿಲಿಗೆ ನಿಲ್ಲಿಸಿದರೆ, ಅರಗಿನ ಪಾಲಿಶ್ ಮೆತ್ತಗಾಗಿ ಗುಳ್ಳೆಯ ಅಚ್ಚು ಮೂಡುತ್ತದೆ. ಟೇಪ್ ಅಂಟಿಸಿದರೆ ಪಾಲಿಶ್ ಸಮೇತ ಕಿತ್ತು ಬರುತ್ತದೆ. ಮೊದಲು ಹತ್ತಿಯ ಪಂಚೆ ಅಥವಾ ಹಳೇ ಸೀರೆ, ಅದರ ಮೇಲೆ ಬೇಕಾದ್ದು ಸುತ್ತಲಿ. ಹಳೇ ಮಂಚಗಳಲ್ಲಿ ಸ್ಕ್ರೂ ಇರುವುದಿಲ್ಲ, ಕೂರಿಸಿದ ಜೋಡಣೆಗೆ ಬೆಣೆ ಹೊಡೆದಿರುತ್ತಾರೆ. ಡ್ರಿಲ್ ಹಿಡಿದು ಬಂದವನು ಸ್ಕ್ರೂ ಸಿಗದೆ ಸುತ್ತಿಗೆಯಿಂದ ಬಡಿಯುತ್ತಾನೆ, ಗೂಟ ಸೀಳುತ್ತದೆ. ಹಮಾಲರೂ ಇದರಲ್ಲಿ ಕಡಿಮೆಯೇನಿಲ್ಲ. ಮಂಚಕ್ಕೆ, ತೂಗುಯ್ಯಾಲೆಗೆ ಅರ್ಧ ದಿನ ಬಡಗಿಯನ್ನೇ ಕರೆಯಿರಿ. ಬೆಣೆಯನ್ನು ಹಿಂದಿನಿಂದ ತಟ್ಟಿ ತೆಗೆದು, ಪ್ರತಿ ಜೋಡಣೆಯ ಎರಡೂ ಕಡೆ ಸೀಮೆಸುಣ್ಣದಲ್ಲಿ ಒಂದೇ ನಂಬರು ಹಾಕಿಸಿ. ಬೆಣೆಗಳನ್ನೂ ನಂಬರು ಬರೆದ ಚೀಲದಲ್ಲಿಡಿ.

ಕಂಪನಿ ನಿಜಕ್ಕೂ ಗೆಲ್ಲುವುದು ಗಾಜು, ಪಿಂಗಾಣಿ, ಟಿವಿ, ಪುಸ್ತಕದ ವಿಷಯದಲ್ಲಿ. ಐದು ಪದರದ ರಟ್ಟಿನ ಪೆಟ್ಟಿಗೆ ತರುತ್ತಾರೆ, ಮಧ್ಯಾಹ್ನದೊಳಗೆ ಕಪಾಟು ಖಾಲಿ ಮಾಡುತ್ತಾರೆ. ಪುಸ್ತಕಕ್ಕೆ ಮಾತ್ರ ಚಿಕ್ಕ ಪೆಟ್ಟಿಗೆ ಕೇಳಿ, ದೊಡ್ಡದರ ತಳ ಕಿತ್ತುಬರುತ್ತದೆ. ಹಂಡೆ, ಕೊಳಗಗಳಿಗೆ ರಟ್ಟು ದಂಡ, ಅಕ್ಕಿಯ ಗೋಣಿಚೀಲವೇ ಸರಿ. ಒರಳುಕಲ್ಲು ಮೊದಲು ಹತ್ತಬೇಕು, ಕ್ಯಾಬಿನ್ನಿನ ಬೆನ್ನಿಗೆ ಒತ್ತಿ ಹಗ್ಗ ಕಟ್ಟಿರಬೇಕು. ಗುಂಡು ಬೇರೆ ಚೀಲದಲ್ಲಿರಲಿ, ಬ್ರೇಕ್ ಹಾಕಿದಾಗ ಅದು ಉರುಳಿ ಏನನ್ನು ಒಡೆಯುತ್ತದೆಂದು ಹೇಳಲಾಗದು. ಚಿನ್ನದ ರೇಕಿನ ಮೈಸೂರು ಚಿತ್ರ, ದಸರೆಯ ಪಟ್ಟದ ಬೊಂಬೆ ಯಾವ ತಂಡಕ್ಕೂ ಕೊಡಬೇಡಿ. ನಿಮ್ಮದೇ ಕಾರಿನಲ್ಲಿ, ಚಿತ್ರವನ್ನು ನೆಟ್ಟಗೆ ನಿಲ್ಲಿಸಿ ಒಯ್ಯಿರಿ.

ಹಣದ ಮಾತು. ನಗರದೊಳಗಿನ ಸಾಗಣೆಗೆ ಕಂಪನಿಯ ದರ ಸ್ಟ್ಯಾಂಡಿನ ಒಟ್ಟು ಖರ್ಚಿನ ಹೆಚ್ಚುಕಡಿಮೆ ಎರಡು ಪಟ್ಟು ಬರುತ್ತದೆ. ಫೋನಿನಲ್ಲಿ ಹೇಳಿದ ಮೊತ್ತಕ್ಕೆ ಶೇ 18ರ ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ. 'ಇನ್ಶೂರೆನ್ಸ್' ಎಂದು ಸಾಮಾನಿನ ಬೆಲೆಯ ಶೇ 3 ಸೇರಿಸುವುದುಂಟು. ಅದಕ್ಕೆ ವಿಮಾ ಕಂಪನಿಯ ಪಾಲಿಸಿ ಪತ್ರ ಕೊಡದಿದ್ದರೆ ಅದು ವಿಮೆಯಲ್ಲ, ಬರೀ ಮಾತು. ಆದರೂ ಕಂಪನಿಯ ಕಡೆಯಿಂದ ಎಲ್‌ಆರ್ ಎಂಬ ಲಾರಿ ರಸೀದಿಯಾದರೂ ಸಿಗುತ್ತದೆ. ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟರೆ ನಷ್ಟಕ್ಕೆ ದಾವೆ ಹೂಡುವ ದಾರಿ 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿದೆ. ಸ್ಟ್ಯಾಂಡಿನಲ್ಲಿ ರಸೀದಿಯ ಪ್ರಶ್ನೆಯೇ ಇಲ್ಲ. ಹಮಾಲರ ಜೊತೆ ದಿನಗೂಲಿ ಮಾತಾಡಿದರೆ ಸಂಜೆಯಾಗುತ್ತದೆ, ಇಡೀ ಮನೆಗೆ ಗುತ್ತಿಗೆ ಮಾತಾಡಿ. ಅದರಲ್ಲಿ ಬೀರು, ಒರಳು, ಆ ಕಡೆಯ ಮಹಡಿ ಸೇರಿದೆ ಎಂದು ಹೆಸರು ಹಿಡಿದು ಹೇಳಿ. ಊಟ, ಕಾಫಿ ಕಾಸು ಬೇರೆಯೇ.

ದಿನ ನೋಡುವುದರಲ್ಲೂ ದುಡ್ಡಿದೆ. ಆಷಾಢದಲ್ಲಿ ಯಾರೂ ಮನೆ ಬದಲಿಸದ ಕಾರಣ ಮೂವರೂ ಚೌಕಾಸಿಗೆ ಬಗ್ಗುತ್ತಾರೆ. ಶ್ರಾವಣದ ಮೊದಲ ಒಳ್ಳೆಯ ದಿನ ಸ್ಟ್ಯಾಂಡಿನಲ್ಲಿ ಗಾಡಿಯೇ ಇರುವುದಿಲ್ಲ. ಶಾಸ್ತ್ರಕ್ಕೆಂದು ಆಷಾಢಕ್ಕೆ ಮುಂಚೆಯೇ ಒಳ್ಳೆಯ ದಿನ ಹಾಲುಕ್ಕಿಸಿ, ಭಾರದ ಸಾಮಾನು ಆಷಾಢದಲ್ಲಿ ಸಾಗಿಸುವ ಜಾಣರೂ ಇದ್ದಾರೆ. ಬಸವನಗುಡಿಯವರು ಕಾರ್ತಿಕದ ಕೊನೆಯ ಸೋಮವಾರದ ಸುತ್ತಮುತ್ತ ಹೆಸರೇ ಎತ್ತಬೇಡಿ. ಕಡಲೆಕಾಯಿ ಪರಿಷೆಯ ಹೊತ್ತಿಗೆ ಬುಲ್ ಟೆಂಪಲ್ ರಸ್ತೆಯಲ್ಲಿ ಏಸ್ ಅಲ್ಲ, ಸೈಕಲ್ಲೂ ಹೋಗದು.

ಊರಾಚೆಗೆ ಹೋಗುವುದಾದರೆ, ಅಥವಾ ಹೋಗುವ ಕಡೆ ಗೇಟ್‌ಪಾಸ್, ಸರ್ವಿಸ್ ಲಿಫ್ಟ್ ಎಂದು ಕಾನೂನು ಮಾಡುವ ದೊಡ್ಡ ಅಪಾರ್ಟ್‌ಮೆಂಟಾದರೆ ಕಂಪನಿಯೇ ಸರಿ. ಒಂದು ರೂಮಿನ ಸಾಮಾನಿಗೆ ಆ್ಯಪ್ ಸಾಕು. ಇಡೀ ಹಳೇ ಮನೆ, ನಗರದೊಳಗೇ ಎಂದಾದರೆ ನಮ್ಮ ವೋಟು ಸ್ಟ್ಯಾಂಡಿನ 407, ನಾಲ್ಕು ಹಮಾಲರು, ಅರ್ಧ ದಿನದ ಬಡಗಿಗೆ. ಪೆಟ್ಟಿಗೆ, ಬಬಲ್ ರ್‍ಯಾಪ್ ಮಾತ್ರ ಅಂಗಡಿಯಿಂದ ತಂದು ಗಾಜಿನ ಸಾಮಾನು ನೀವೇ ಕಟ್ಟಿ. ಹೊಸ ಮನೆಯಲ್ಲಿ ಬೀರುವಿನ ಬೀಗ ಬೀಳದಿದ್ದರೆ ಬೀಗದವನನ್ನು ಕರೆಯುವ ಮೊದಲು ಬಾಗಿಲುಗಳ ಮೇಲಂಚು ನೋಡಿ. ಒಂದು ಮೇಲೆ ಒಂದು ಕೆಳಗೆ ಇದ್ದರೆ ಕಾಲು ಸಮ ಕೂತಿಲ್ಲ ಎಂದೇ ಅರ್ಥ. ತಗ್ಗಿದ ಕಾಲಿನಡಿ ಮಡಚಿದ ರಟ್ಟು ತೂರಿಸಿ, ಅಂಚು ಸಮ ಬಂದಾಗ ಕೀಲಿ ತಾನೇ ತಿರುಗುತ್ತದೆ.